ಅಪ್‌ಡೇಟ್ ಆದ ಮೇಲೆ ಇಂಟರ್‌ಫೇಸ್ ಮೂಕವಾದರೆ: ನಾಲ್ಕು ದಾರಿಗಳ ಹೋಲಿಕೆ

ಹಾಸನದ ಸಾಲಗಾಮೆ ರಸ್ತೆ ಕಡೆ ನನ್ನದೊಂದು ಪುಟ್ಟ ರೆಕಾರ್ಡಿಂಗ್ ಕೋಣೆ ಇದೆ. ಭಾವಗೀತೆ, ಭಜನೆ, ಶಾಲೆಗಳ ಸ್ವಾಗತ ಗೀತೆ, ಆಗಾಗ ಕೋಲಾಟದ ಪದ, ಇಲ್ಲಿಗೆ ಬರುವ ಕೆಲಸ ಇಂಥದ್ದು. ಹಾಸನಾಂಬೆಯ ಬಾಗಿಲು ತೆರೆಯುವ ಮುಂಚಿನ ವಾರಗಳಲ್ಲಿ ಭಕ್ತಿಗೀತೆಯ ಕೆಲಸ ಜಾಸ್ತಿ. ಹಾಡುವವರು ಹೆಚ್ಚಾಗಿ ಅಂಗಡಿ, ಆಫೀಸು, ತೋಟದ ಕೆಲಸ ಮುಗಿಸಿ ಸಂಜೆ ಬರುತ್ತಾರೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ದೊಡ್ಡ ಅಪ್‌ಡೇಟ್ ಆಗಿ, ಹಳೆಯ ಆಡಿಯೋ ಇಂಟರ್‌ಫೇಸ್, ಅಂದರೆ ಮೈಕು, ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಮಾತು ನಿಲ್ಲಿಸಿದ್ದು ಅಂಥ ಹೊತ್ತಿನಲ್ಲೇ. ಅದನ್ನು ತಯಾರಿಸಿದವರು ಹೊಸ ಡ್ರೈವರ್ (ಅದು ಕಂಪ್ಯೂಟರಿನ ಜೊತೆ ಮಾತಾಡಲು ಬೇಕಾದ ಪ್ರೋಗ್ರಾಂ) ಕೊಡುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಒಂದೇ ಮೈಕು, ಒಂದೇ ಹಾಡು ಇಟ್ಟುಕೊಂಡು ಎಲ್ಲವನ್ನೂ ಮಾಡಿ ನೋಡಿದೆ.

ನಾನು ಮುಖ್ಯವಾಗಿ ನೋಡಿದ್ದು ಒಂದನ್ನು. ಹಾಡುವವರಿಗೆ ತಮ್ಮ ದನಿ ಹೆಡ್‌ಫೋನಿನಲ್ಲಿ ತಡವಾಗಿ ಕೇಳಬಾರದು. ತಡವಾದರೆ ಲಯ ಜಾರುತ್ತದೆ, ಗಮಕ ಕೆಡುತ್ತದೆ. ಪಾಪ, ಅವರು ತಮ್ಮದೇ ಗಂಟಲು ಸರಿಯಿಲ್ಲ ಅಂದುಕೊಂಡುಬಿಡುತ್ತಾರೆ. ನನಗೆ ಅದು ಸಹಿಸುವುದಿಲ್ಲ.

ಯಾವ ದಾರಿ ಹಿಡಿಯುವ ಮುಂಚೆಯೂ ಎರಡು ಕಡೆ ನೋಡಿಬಿಡಿ. ಟ್ರ್ಯಾಕ್ ಓಡುತ್ತಿದೆ, ಆದರೆ ಅಲೆಯ ಬದಲು ಬರೀ ಗೆರೆ ಬರುತ್ತಿದೆ ಅಂದರೆ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕ್ರೊಫೋನ್ ಅನುಮತಿ ಮುಚ್ಚಿಹೋಗಿರಬಹುದು. ವಿಂಡೋಸ್ 10ಕ್ಕೆ 2018ರ ಏಪ್ರಿಲ್ ಅಪ್‌ಡೇಟ್ ಬಂದಾಗಿನಿಂದ ಆ ಗುಂಡಿ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಿಗೂ ಅನ್ವಯಿಸುತ್ತದೆ. ಎರಡನೆಯದು ಸ್ಯಾಂಪಲ್ ರೇಟ್, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದುಕೊಳ್ಳುತ್ತದೆ ಅನ್ನುವ ಅಂಕಿ. 44,100ರಲ್ಲಿ ಹಾಡಿಸಿದ್ದು 48,000ದಲ್ಲಿ ಓಡಿದರೆ ವೇಗ ಸುಮಾರು ಶೇ 9ರಷ್ಟು ಏರುತ್ತದೆ, ಜೊತೆಗೆ ಶ್ರುತಿಯೂ ಏರುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡಿದ್ದು ಒಂದೂವರೆಗೂ ಎರಡಕ್ಕೂ ನಡುವೆ ಹೋಗಿ ಕೂರುತ್ತದೆ. ಯಾವ ತಂಬೂರಿಯೂ ಅದಕ್ಕೆ ಜೊತೆಯಾಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇವೆರಡೂ ಸರಿಯಿದ್ದವು. ಕೆಟ್ಟಿದ್ದು ಡ್ರೈವರ್.

ಮೊದಲ ದಾರಿ, ಹಿಂದಿನ ಆವೃತ್ತಿಗೆ ವಾಪಸ್ ಹೋಗುವುದು. ದೊಡ್ಡ ಅಪ್‌ಡೇಟ್ ಆದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ಆಗುತ್ತದೆ. ನಿಮ್ಮ ಹಾಡಿನ ಫೈಲುಗಳು ಉಳಿಯುತ್ತವೆ. ಅಪ್‌ಡೇಟ್ ಆದ ಮೇಲೆ ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ದನಿಯ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಚೆನ್ನಾಗಿತ್ತು, ಯಾಕೆಂದರೆ ಇಂಟರ್‌ಫೇಸಿನ ಸ್ವಂತ ಡ್ರೈವರ್ ಮತ್ತೆ ಜೀವ ಪಡೆಯಿತು. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸ್ಯಾಂಪಲ್‌ಗಳ ಲೆಕ್ಕ, ಕಡಿಮೆಯಾದಷ್ಟು ತಡ ಕಡಿಮೆ) 128ಕ್ಕೆ ಇಳಿಸಿದರೂ ಒಂದು ಚಿಟಪಟ ಇಲ್ಲ. 48,000ದಲ್ಲಿ 128 ಸ್ಯಾಂಪಲ್ ಅಂದರೆ 3 ಮಿಲಿಸೆಕೆಂಡಿಗಿಂತ ಕಡಿಮೆ. ಆದರೂ ಇದನ್ನು ನಾನು ಯಾರಿಗೂ ಕಾಯಂ ಉಪಾಯ ಅಂತ ಹೇಳುವುದಿಲ್ಲ. ವಿಂಡೋಸ್ 11ರಲ್ಲಿ ಅಪ್‌ಡೇಟನ್ನು ಒಂದು ಸಲಕ್ಕೆ 5 ವಾರದವರೆಗೆ ತಡೆಹಿಡಿಯಬಹುದು, ಆಮೇಲೆ ಅದು ಬಂದೇ ಬರುತ್ತದೆ. ವಿಂಡೋಸ್ 10ರಲ್ಲೇ ಉಳಿಯೋಣ ಅಂದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಯೋಚಿಸಬೇಕು. ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೆ ಕೆಲವು ಹಳೆಯ ಡ್ರೈವರ್‌ಗಳು ಎದ್ದು ಕೂರುತ್ತವೆ, ನಿಜ. ಅದು ಕಂಪ್ಯೂಟರಿನ ಕಾವಲು. ಒಂದು ಹಾಡಿಗಾಗಿ ಅದನ್ನು ತೆಗೆಯಲು ನನಗೆ ಮನಸ್ಸು ಬರಲಿಲ್ಲ.

ಎರಡನೆಯದು ಆಸಿಯೊ ಫೋರ್ ಆಲ್ (ASIO4ALL) ಅನ್ನುವ ಪ್ರೋಗ್ರಾಂ ಹಾಕಿಕೊಳ್ಳುವುದು. ಇದನ್ನು ಹೇಳುವವರು ಬಹಳ, ಸರಿಯಾಗಿ ಹಾಕಿಕೊಳ್ಳುವವರು ಕಡಿಮೆ. ಆಸಿಯೊ ಅನ್ನುವುದು 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ತಂದ ವ್ಯವಸ್ಥೆ. ವಿಂಡೋಸ್‌ನ ಸೌಂಡ್ ಮಿಕ್ಸರನ್ನು ದಾಟಿ ಸಾಫ್ಟ್‌ವೇರ್ ನೇರವಾಗಿ ಇಂಟರ್‌ಫೇಸಿನ ಜೊತೆ ಮಾತಾಡಲಿ ಅಂತ ಮಾಡಿದ್ದು. ಆಸಿಯೊ ಫೋರ್ ಆಲ್ ಸ್ವತಃ ಇಂಟರ್‌ಫೇಸಿನ ಡ್ರೈವರ್ ಅಲ್ಲ. ಅದರ ಕೆಳಗೆ ಕೆಲಸ ಮಾಡುವ ಇನ್ನೊಂದು ವಿಂಡೋಸ್ ಡ್ರೈವರ್ ಇರಲೇಬೇಕು. ಕೆಟ್ಟುಹೋದ ಹಳೆಯ ಡ್ರೈವರನ್ನು ಹಾಗೇ ಬಿಟ್ಟು ಇದನ್ನು ಹಾಕಿದರೆ ಪಟ್ಟಿಯಲ್ಲಿ ಇಂಟರ್‌ಫೇಸ್ ಕಾಣುವುದೇ ಇಲ್ಲ. ಹಾಗಾಗಿ ಮೊದಲು ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕೇಬಲ್ ಕಿತ್ತು, ರೀಸ್ಟಾರ್ಟ್ ಮಾಡಿ ಮತ್ತೆ ಚುಚ್ಚಿ. ಯುಎಸ್‌ಬಿ ಆಡಿಯೋ ಕ್ಲಾಸ್ 2 ಅನ್ನುವ ಸಾಮಾನ್ಯ ನಿಯಮದ ಪ್ರಕಾರ ಮಾಡಿದ ಇಂಟರ್‌ಫೇಸ್‌ಗಳಿಗೆ ಬೇಕಾದ ಡ್ರೈವರ್ 2017ರಿಂದ ವಿಂಡೋಸ್ ಒಳಗೇ ಇದೆ. ಅದು ನಿಮ್ಮ ಇಂಟರ್‌ಫೇಸನ್ನು ಹಿಡಿದುಕೊಂಡರೆ ಆಸಿಯೊ ಫೋರ್ ಆಲ್ ಅದರ ಮೇಲೆ ಕೂರುತ್ತದೆ.

ನನ್ನಲ್ಲಿ ಹಾಗೇ ಆಯಿತು. ಆದರೆ 128ರಲ್ಲಿ ಚಿಟಪಟ ಬಂತು, 256ಕ್ಕೆ ಏರಿಸಿದ ಮೇಲೆ ನಿಂತಿತು. 256 ಅಂದರೆ 5.3 ಮಿಲಿಸೆಕೆಂಡು. ದನಿ ಒಳಗೆ ಹೋಗಿ ಹೊರಗೆ ಬರಬೇಕಲ್ಲ, ಅದರ ಎರಡರಷ್ಟು, ಮೇಲೆ ಇಂಟರ್‌ಫೇಸ್ ತೆಗೆದುಕೊಳ್ಳುವ ಒಂದಿಷ್ಟು ಸಮಯ. ಬೇಲೂರಿನಿಂದ ಬರುವ ಸಂಗೀತದ ಟೀಚರ್ ಹೆಡ್‌ಫೋನ್ ಹಾಕಿಕೊಂಡು ಎರಡು ಸಾಲು ಹಾಡಿ, "ಸ್ವಲ್ಪ ಹಿಂದಿನಿಂದ ಯಾರೋ ಹಾಡಿದ ಹಾಗಿದೆ ಅಲ್ವಾ ಸಾರ್?" ಅಂದರು. ಅವರ ಕಿವಿ ಸರಿಯಾಗಿಯೇ ಹೇಳಿತು. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. 12 ಮಿಲಿಸೆಕೆಂಡ್ ತಡ ಅಂದರೆ ಸ್ಪೀಕರ್ 4 ಮೀಟರ್ ದೂರದಲ್ಲಿದ್ದ ಹಾಗೆ. ತಬಲಾ ನುಡಿಸುವವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಇನ್ನೊಂದು ಕಿರಿಕಿರಿಯೂ ಇದೆ. ಆಸಿಯೊ ಫೋರ್ ಆಲ್ ಇಂಟರ್‌ಫೇಸನ್ನು ತಾನೊಂದೇ ಹಿಡಿದುಕೊಳ್ಳುತ್ತದೆ. ಯೂಟ್ಯೂಬಿನಲ್ಲಿ ಮೂಲ ಧಾಟಿ ಕೇಳಿಸೋಣ ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಮುಚ್ಚಬೇಕಾಗುತ್ತದೆ.

ಮೂರನೆಯ ದಾರಿ, ಆಸಿಯೊ ಬಿಟ್ಟು ವಿಂಡೋಸ್‌ನದೇ ಆಡಿಯೋ ವ್ಯವಸ್ಥೆಯಾದ ವಾಸಾಪಿಯಲ್ಲಿ (WASAPI) ಕೆಲಸ ಮಾಡುವುದು. ಇದು ವಿಸ್ಟಾ ಕಾಲದಿಂದ ವಿಂಡೋಸ್ ಒಳಗೇ ಇದೆ, ಬೇರೇನೂ ಹಾಕಬೇಕಿಲ್ಲ. ರೀಪರ್ ಮತ್ತು ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಎರಡರಲ್ಲೂ ನೋಡಿದೆ. ಸಾಫ್ಟ್‌ವೇರ್ ಮೂಲಕ ದನಿ ಕೇಳಿಸಿದರೆ ಇದು ಎಲ್ಲಕ್ಕಿಂತ ನಿಧಾನ. ಆದರೆ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಇದ್ದರೆ ಕಥೆಯೇ ಬೇರೆ. ಆಗ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರದೆ ಸೀದಾ ಹೆಡ್‌ಫೋನಿಗೆ ಬರುತ್ತದೆ. ರಿವರ್ಬ್ (ದೊಡ್ಡ ಹಾಲಿನಲ್ಲಿ ಹಾಡಿದಂಥ ಗುಂಗು) ಕೇಳಿಸುವುದಿಲ್ಲ ಅನ್ನುವುದು ಮಾತ್ರ ಕೊರತೆ. ಭಜನೆ ಮಂಡಳಿಯವರಿಗೆ ಅದು ಬೇಕಾಗಿಯೂ ಇರಲಿಲ್ಲ. ಭಾವಗೀತೆ ಹಾಡುವವರು ಒಪ್ಪಲಿಲ್ಲ.

ಈ ದಾರಿಯಲ್ಲಿ ಹಾಡಿಸಿದ ಟ್ರ್ಯಾಕ್ ತಂಬೂರಿ, ತಬಲಾ ಟ್ರ್ಯಾಕಿಗಿಂತ ಒಂಚೂರು ಹಿಂದೆ ಬಂದು ಕೂರಬಹುದು. ಅದನ್ನು ಅಳೆಯುವುದು ಸುಲಭ. ಇಂಟರ್‌ಫೇಸಿನ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ, ಟಿಕ್ ಟಿಕ್ ಶಬ್ದವನ್ನು ನುಡಿಸಿ ಮತ್ತೆ ರೆಕಾರ್ಡ್ ಮಾಡಿ, ಎರಡರ ನಡುವಿನ ಅಂತರ ನೋಡಿ. ಆ ಅಂಕಿಯನ್ನು ರೀಪರ್‌ನಲ್ಲಿ ಮ್ಯಾನುಯಲ್ ಆಫ್‌ಸೆಟ್ ಅಂತ ಇರುವ ಜಾಗದಲ್ಲಿ ತುಂಬಿದರೆ ಮುಂದಿನ ಟ್ರ್ಯಾಕ್‌ಗಳು ಸರಿಯಾಗಿ ಕೂರುತ್ತವೆ. ಆಡಾಸಿಟಿಯಲ್ಲಿ ಇದಕ್ಕೆ ಲೇಟೆನ್ಸಿ ಕಾಂಪನ್ಸೇಶನ್ ಅಂತಾರೆ. ಅಲ್ಲಿ ಮೊದಲಿಂದಲೇ ಇರುವ ಅಂಕಿ ಮೈನಸ್ 130 ಮಿಲಿಸೆಕೆಂಡ್, ಅದನ್ನು ನಿಮ್ಮ ಇಂಟರ್‌ಫೇಸಿಗೆ ತಕ್ಕಂತೆ ಬದಲಿಸಿಕೊಳ್ಳಿ. ಹಲವು ಟ್ರ್ಯಾಕ್ ಇರುವ ಹಾಡಿಗೆ ನನ್ನ ಮತ ರೀಪರ್‌ಗೆ. ಅದರ ಇನ್‌ಸ್ಟಾಲರ್ 20 ಎಂಬಿಗಿಂತ ಚಿಕ್ಕದು, 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಮಳೆಗಾಲದಲ್ಲಿ ನೆಟ್ ತೆವಳುವಾಗ ಆ ಚಿಕ್ಕ ಗಾತ್ರವೇ ದೊಡ್ಡ ಉಪಕಾರ.

ನಾಲ್ಕನೆಯದು ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ. ಅದರ ಒಂದು ಬಗೆಯಾದ ಉಬುಂಟು ಸ್ಟುಡಿಯೊವನ್ನು ಪೆನ್ ಡ್ರೈವಿಗೆ ಹಾಕಿ, ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡದೆಯೇ ಅದರಿಂದ ಬೂಟ್ ಮಾಡಿದೆ. ಕೈಬಿಟ್ಟುಹೋದ ಆ ಇಂಟರ್‌ಫೇಸ್ ಚುಚ್ಚಿದ ಕೂಡಲೇ ಕಾಣಿಸಿಕೊಂಡಿತು! ಯಾವ ಡ್ರೈವರನ್ನೂ ಹುಡುಕಲಿಲ್ಲ. ಕ್ಲಾಸ್ ಕಂಪ್ಲಯಂಟ್, ಅಂದರೆ ಕಂಪನಿಯ ಸ್ವಂತ ಡ್ರೈವರ್ ಇಲ್ಲದೆಯೂ ನಡೆಯುವ ಇಂಟರ್‌ಫೇಸ್‌ಗಳಿಗೆ ಬೇಕಾದದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇರುತ್ತದೆ. ಕಂಪನಿ ಬೆಂಬಲ ನಿಲ್ಲಿಸಿದರೂ ಅದು ಹೋಗುವುದಿಲ್ಲ. ರೀಪರ್‌ಗೆ ಲಿನಕ್ಸ್ ಆವೃತ್ತಿಯೂ ಇದೆ, ಅದೇ ಪ್ರಾಜೆಕ್ಟ್ ಫೈಲ್ ತೆರೆಯಿತು. ಬಫರ್ 128ರಲ್ಲಿ ಟೀಚರ್ ಮತ್ತೆ ಹಾಡಿದರು. "ಈಗ ನನ್ನ ದನಿ ನನ್ನ ಹತ್ತಿರವೇ ಇದೆ ನೋಡಿ" ಅಂದರು. ರಿವರ್ಬ್ ಕೂಡ ಹಾಕಿಕೊಟ್ಟೆ.

ಇಲ್ಲಿ ಕಷ್ಟ ಇರುವುದು ಪ್ಲಗಿನ್‌ಗಳಲ್ಲಿ, ಅಂದರೆ ದನಿ ತಿದ್ದಲು ಅಥವಾ ವಾದ್ಯ ಸೇರಿಸಲು ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಹಾಕಿಕೊಳ್ಳುವ ಪುಟ್ಟ ಪ್ರೋಗ್ರಾಂಗಳಲ್ಲಿ. ರೀಪರ್ ಜೊತೆಗೇ ಬರುವ ಈಕ್ಯೂ, ಕಂಪ್ರೆಸರ್ ಎಲ್ಲ ನಡೆಯುತ್ತವೆ. ವಿಂಡೋಸ್‌ಗೆಂದೇ ಮಾಡಿದವು ಹಾಗೆ ನಡೆಯುವುದಿಲ್ಲ. ವಿಂಡೋಸ್‌ನವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮತ್ತು ಯಾಬ್ರಿಜ್ ಮೂಲಕ ಕೆಲವು ಓಡುತ್ತವೆ, ನನ್ನ ತಂಬೂರಿ ಪ್ಲಗಿನ್ ಓಡಲಿಲ್ಲ. ಪೆನ್ ಡ್ರೈವಿನಿಂದ ನಡೆಸುವಾಗ ಇನ್ನೂ ಒಂದು ಎಚ್ಚರ ಬೇಕು. ರೆಕಾರ್ಡ್ ಮಾಡಿದ್ದನ್ನು ಬೇರೆ ಡಿಸ್ಕಿನಲ್ಲೇ ಉಳಿಸಿ. ಲೈವ್ ಆಗಿ ಓಡುವ ವ್ಯವಸ್ಥೆಯೊಳಗೆ ಬಿಟ್ಟದ್ದು ಶಟ್‌ಡೌನ್ ಮಾಡಿದರೆ ಹೋಗುತ್ತದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಅದರ ಡಿಸ್ಕಿಗೆ ಲಿನಕ್ಸ್‌ನಿಂದ ಬರೆಯಲು ಬಿಡದೇ ಇರಬಹುದು, ಮೊದಲೇ ಆಫ್ ಮಾಡಿಕೊಳ್ಳಿ.

ಮ್ಯಾಕ್ ಇರುವವರಿಗೆ ಇದರಲ್ಲಿ ಹೆಚ್ಚಿನದು ಬೇಕಿಲ್ಲ, ಆದರೆ ಅಲ್ಲಿ ಹಿಂದಕ್ಕೆ ಹೋಗುವುದು ಇನ್ನೂ ಕಷ್ಟ. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಲ್ಲಿ ಹಳೆಯ 32 ಬಿಟ್ ಪ್ರೋಗ್ರಾಂಗಳೆಲ್ಲ ನಿಂತುಹೋದವು. ಚಿಕ್ಕಮಗಳೂರಿನಲ್ಲಿ ಮ್ಯಾಕ್ ಇಟ್ಟುಕೊಂಡಿರುವ ನನ್ನ ಗೆಳೆಯ ಕೈಯಲ್ಲಿರುವ ಹಾಡು ಮುಗಿಯದೆ ಅಪ್‌ಡೇಟ್ ಒತ್ತುವುದೇ ಇಲ್ಲ.

ಈಗ ನನ್ನ ಕೋಣೆಯಲ್ಲಿ ಹಾಡಿಸುವುದು ಲಿನಕ್ಸ್‌ನಲ್ಲಿ. ಅದನ್ನು ಬೇರೆ ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಮಾಡಿಕೊಂಡಿದ್ದೇನೆ. ಮಿಕ್ಸಿಂಗ್ ಮಾತ್ರ ವಿಂಡೋಸ್‌ನಲ್ಲಿ, ಆಸಿಯೊ ಫೋರ್ ಆಲ್ ಇಟ್ಟುಕೊಂಡು. ಮಿಕ್ಸ್ ಮಾಡುವಾಗ ಬಫರ್ 1024 ಇದ್ದರೂ ಯಾರಿಗೂ ತೊಂದರೆಯಿಲ್ಲ. ನೀವು ಹೊಸದಾಗಿ ಇಂಟರ್‌ಫೇಸ್ ಕೊಳ್ಳುವುದಾದರೆ, ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಿ ಅಥವಾ ಆನ್‌ಲೈನಿನಲ್ಲೇ ತರಿಸಿ, ಕ್ಲಾಸ್ ಕಂಪ್ಲಯಂಟ್ ಹೌದಾ ಅಂತ ಮೊದಲು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಒಂದು ಓಟಿಜಿ ಕೇಬಲ್ ಹಾಕಿ ನಿಮ್ಮ ಫೋನಿಗೆ ಚುಚ್ಚಿ ನೋಡಿ. ಪವರ್ ಸಾಲದಿದ್ದರೆ ಪವರ್ ಇರುವ ಹಬ್ ಕೇಳಿ ಪಡೆಯಿರಿ. ಡ್ರೈವರ್ ಹಾಕದ ಫೋನಿನಲ್ಲಿ ಮೈಕಿನ ದನಿ ಬಂತು ಅಂದರೆ ಧೈರ್ಯವಾಗಿ ದುಡ್ಡು ಕೊಡಿ.