ಸಿ-ಬ್ಯಾಂಡ್ 5ಜಿ ಫಿಲ್ಟರ್: ಮಾಳಿಗೆಯ ಡಿಶ್‌ಗೆ ಸೈ, ಸರ್ವರ್‌ನ ರೋಗಕ್ಕಲ್ಲ

ಉಪಗ್ರಹದ ಡೇಟಾವನ್ನು ಸಿ-ಬ್ಯಾಂಡ್ ಡಿಶ್‌ನಲ್ಲಿ ಹಿಡಿದು ಲಿನಕ್ಸ್ ಸರ್ವರ್‌ಗೆ ಇಳಿಸುವವರಿಗೆ 5ಜಿ ಟವರ್‌ನ ಅಡ್ಡಿ ತಡೆಯುವ ಫಿಲ್ಟರ್ ಇದು: 3.7ರಿಂದ 4.2 ಗಿಗಾಹರ್ಟ್ಸ್ ಮಾತ್ರ ಒಳಬಿಡುವ ಅಲ್ಯೂಮಿನಿಯಂ ವೇವ್‌ಗೈಡ್ (ರೇಡಿಯೋ ಅಲೆ ಸಾಗಿಸುವ ಟೊಳ್ಳು ಕೊಳವೆ) ತುಂಡು. ಡಿಶ್‌ನ ಅಲೆ ಹಿಡಿಯುವ ಬಾಯಿಯಾದ ಫೀಡ್‌ಹಾರ್ನ್‌ಗೂ, ಅದನ್ನು ಬಲಪಡಿಸಿ ಕೇಬಲ್‌ಗೆ ಕೊಡುವ ಎಲ್‌ಎನ್‌ಬಿಗೂ ನಡುವೆ ಕೂರುತ್ತದೆ, ಕರೆಂಟ್ ಬೇಡ. 2022ರಲ್ಲಿ 5ಜಿ ಬಂದಾಗಿನಿಂದ ಟವರ್‌ಗಳು 3.3–3.67 ಗಿಗಾಹರ್ಟ್ಸ್ ಹಿಡಿದಿವೆ. ಹಳೆಯ ಎಲ್‌ಎನ್‌ಬಿ 3.4ರಿಂದಲೇ ಬಾಯಿ ತೆರೆದಿರುತ್ತದೆ. ವಿಜಯಪುರದ ಮಾಳಿಗೆಯಲ್ಲಿ ಡಿಶ್, ಎರಡು ಮನೆ ಆಚೆ ಟವರ್ ಇದ್ದರೆ ಎಲ್‌ಎನ್‌ಬಿಯ ಮೊದಲ ಆಂಪ್ಲಿಫೈಯರೇ ತುಂಬಿ ಉಕ್ಕುತ್ತದೆ. ಕೇಬಲ್‌ಗೆ ಸಿಕ್ಕಿಸುವ ಅಗ್ಗದ ಫಿಲ್ಟರ್ ತಂದರೆ ದುಡ್ಡು ದಂಡ. ಕೆಡುವುದೆಲ್ಲ ಅಷ್ಟರಲ್ಲಿ ಕೆಟ್ಟಾಗಿರುತ್ತದೆ.

ಕೊಳ್ಳುವ ಮೊದಲು ಲಿನಕ್ಸ್‌ನಲ್ಲಿ ‘ಫೆಮಾನ್’ (ರಿಸೀವರ್ ಕಾರ್ಡ್‌ನ ಸಿಗ್ನಲ್ ತೋರಿಸುವ ಪ್ರೋಗ್ರಾಮ್) ಓಡಿಸಿ. ಯುಎನ್‌ಸಿ ಎಣಿಕೆ (ಸರಿಪಡಿಸಲಾಗದ ಡೇಟಾ ಬ್ಲಾಕ್‌ಗಳ ಲೆಕ್ಕ) ಏರುತ್ತಿದ್ದು, ಸಂಜೆ ಹೆಚ್ಚು, ನಸುಕಿನಲ್ಲಿ ಕಡಿಮೆ ಎಂದಾದರೆ 5ಜಿ ಮೇಲೆ ಅನುಮಾನ ಪಡಬಹುದು. ಮಾರ್ಚ್ ಎರಡನೇ ವಾರ, ಸೆಪ್ಟೆಂಬರ್ ಕೊನೆಯಲ್ಲಿ ದಿನಾ ಅದೇ ಹೊತ್ತಿಗೆ ಕೆಲ ನಿಮಿಷ ಸಿಗ್ನಲ್ ಹೋದರೆ ಅದು ಉಪಗ್ರಹದ ಹಿಂದೆ ಬರುವ ಸೂರ್ಯನ ಕೆಲಸ, ಸುಮ್ಮನಿರಿ.

ಯುಎನ್‌ಸಿ ಸೊನ್ನೆಯಲ್ಲೇ ನಿಂತಿದ್ದೂ ಡೇಟಾ ತೂತು ಬಿದ್ದರೆ ಈ ಫಿಲ್ಟರ್ ಏನೂ ಮಾಡದು. ಲಿನಕ್ಸ್‌ನ ನೆಟ್‌ವರ್ಕ್ ಲೆಕ್ಕ ತೋರಿಸುವ ‘ಎನ್‌ಸ್ಟಾಟ್ -ಎಝಡ್’ನಲ್ಲಿ ಯುಡಿಪಿ ರಿಸೀವ್ ಬಫರ್ ಎರರ್ (ಇಡಲು ಜಾಗ ಸಾಲದೆ ಬಿದ್ದುಹೋದ ಪ್ಯಾಕೆಟ್‌ಗಳ ಎಣಿಕೆ) ನೋಡಿ. ಅದು ಬೆಳೆಯುತ್ತಿದ್ದರೆ ಪ್ಯಾಕೆಟ್ ಆಕಾಶದಿಂದ ಕ್ಷೇಮವಾಗಿ ಇಳಿದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಸತ್ತಿದೆ. ಬಫರ್‌ನ ಗರಿಷ್ಠ ಮಿತಿಯಾದ ‘ಆರ್‌ಮೆಮ್_ಮ್ಯಾಕ್ಸ್’ ಸಾಮಾನ್ಯವಾಗಿ 2,12,992 ಬೈಟ್ ಇರುತ್ತದೆ, 1,67,77,216 ಮಾಡಿ. ಪ್ರೋಗ್ರಾಮ್ ತಾನಾಗಿ ದೊಡ್ಡ ಬಫರ್ ಕೇಳದಿದ್ದರೆ ‘ಆರ್‌ಮೆಮ್_ಡೀಫಾಲ್ಟ್’ ಕೂಡ ಏರಿಸಬೇಕು, ಆಮೇಲೆ ಪ್ರೋಗ್ರಾಮ್ ರೀಸ್ಟಾರ್ಟ್ ಆಗಲೇಬೇಕು. ತೆರೆದಿರುವ ಸಾಕೆಟ್ (ಪ್ರೋಗ್ರಾಮ್‌ನ ನೆಟ್‌ವರ್ಕ್ ಬಾಗಿಲು) ಹಳೆಯ ಬಫರ್‌ನಲ್ಲೇ ಉಳಿಯುತ್ತದೆ. ಬಹಳ ಮಂದಿ ಎಡವುವುದು ಇಲ್ಲೇ. ಒಂದು ಪ್ಯಾಕೆಟ್ಟೂ ಬರದಿದ್ದರೆ ‘ಆರ್‌ಪಿ_ಫಿಲ್ಟರ್’ (ಬಂದ ದಾರಿ ಸರಿಯಿಲ್ಲವೆಂದು ಪ್ಯಾಕೆಟ್ ತಳ್ಳಿಹಾಕುವ ಕರ್ನಲ್ ಸೆಟ್ಟಿಂಗ್) ನೋಡಿ: ‘ಆಲ್’ ಮತ್ತು ಡಿವಿಬಿ (ಉಪಗ್ರಹ ರಿಸೀವರ್ ಕಾರ್ಡ್‌ನ) ಇಂಟರ್‌ಫೇಸ್ ಎರಡರಲ್ಲೂ 0 ಇರಲಿ. ಎರಡರಲ್ಲಿ ದೊಡ್ಡದೇ ಲೆಕ್ಕಕ್ಕೆ ಬರುತ್ತದೆ.

5ಜಿ ಫಿಲ್ಟರ್ ಪುಕ್ಕಟೆ ಕೆಲಸ ಮಾಡುವುದಿಲ್ಲ. ಅರ್ಧ ಡೆಸಿಬೆಲ್ ನಷ್ಟ ಎಂದು ಡಬ್ಬಿ ಮೇಲೆ ಬರೆದಿದ್ದರೆ ಅದು ಸುಮಾರು 35 ಕೆಲ್ವಿನ್ ನಾಯ್ಸ್ (ಗದ್ದಲವನ್ನು ಉಷ್ಣಾಂಶದ ಲೆಕ್ಕದಲ್ಲಿ ಅಳೆಯುತ್ತಾರೆ) ಸೇರಿಸಿದಂತೆ. 20 ಕೆಲ್ವಿನ್ ಎಲ್‌ಎನ್‌ಬಿಗೆ ಹಾಕಿದರೆ ಸಿಗ್ನಲ್-ನಾಯ್ಸ್ ಅನುಪಾತ 2 ಡೆಸಿಬೆಲ್‌ಗೂ ಮಿಕ್ಕಿ ಇಳಿಯಬಹುದು. ಮಾರ್ಜಿನ್ (ಬೇಕಾದ್ದಕ್ಕಿಂತ ಮಿಕ್ಕ ಸಿಗ್ನಲ್) ಅಷ್ಟಿಲ್ಲದ ಸಣ್ಣ ಡಿಶ್‌ಗೆ, ಹತ್ತಿರ ಟವರ್ ಇಲ್ಲದ ಊರಿಗೆ ಇದು ಬೇಡವೇ ಬೇಡ.

ಜೋಡಿಸುವಾಗ ಗ್ಯಾಸ್ಕೆಟ್ ಗಮನಿಸಿ. ಎರಡೂ ಫ್ಲಾಂಜ್‌ಗೆ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ಗ್ಯಾಸ್ಕೆಟ್ ಕೂರುವ ತೋಡು ಇದ್ದರೆ ದಪ್ಪದ್ದು, ಒಂದಕ್ಕೇ ಇದ್ದರೆ ಅರ್ಧ ದಪ್ಪದ್ದು. ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ಬೆಳಗಾವಿಯ ಮಳೆಗೆ ಸಿ-ಬ್ಯಾಂಡ್ ಸಿಗ್ನಲ್ ಅಷ್ಟಾಗಿ ಜಗ್ಗುವುದಿಲ್ಲ, ಫ್ಲಾಂಜ್‌ನೊಳಗೆ ನುಗ್ಗಿದ ನೀರಿಗೆ ಜಗ್ಗುತ್ತದೆ.