ಯೂಟಾ ಮರುಭೂಮೀಲಿ ಏಳು ದಿನದ ಕ್ಯಾನಿಯನೀರಿಂಗ್ ಕೋರ್ಸ್: ಹೋಗಿ ಬಂದ ಮೇಲೆ ಬರೀತಿರೋ ರಿವ್ಯೂ

ಹೋದ ಸೆಪ್ಟೆಂಬರ್ ಮೂರನೇ ವಾರ ಯೂಟಾದ ಎಸ್ಕಲಾಂಟೆ ಕಡೆ ಏಳು ದಿನದ ಬ್ಯಾಕ್‌ಪ್ಯಾಕಿಂಗ್ ಮತ್ತೆ ಕ್ಯಾನಿಯನೀರಿಂಗ್ ಕೋರ್ಸ್ ಮುಗಿಸ್ಕೊಂಡು ಬಂದೆ. ಅವತ್ತಿಂದ ಫೋನ್ ಮಾಡಿದೋರೆಲ್ಲ ಹೆಂಗಿತ್ತು, ಕೊಟ್ಟ ದುಡ್ಡಿಗೆ ಮೋಸ ಇಲ್ವಾ, ನಮ್ಮಂಥೋರು ಹೋಗ್ಬಹುದಾ ಅಂತ ಕೇಳ್ತಾನೇ ಇದಾರೆ, ಅದಕ್ಕೆ ಎಲ್ಲರಿಗೂ ಒಂದೇ ಸಲ ಇಲ್ಲಿ ಬರೀತಿದೀನಿ. ಸಂಸ್ಥೆ ಹೆಸರು ಹಾಕ್ತಿಲ್ಲ, ನನ್ನದು ಒಂದೆರಡು ತಕರಾರಿದೆ, ಅದನ್ನ ಅವ್ರಿಗೇ ನೇರವಾಗಿ ಮೇಲ್ ಮಾಡಿದೀನಿ. ಇಂಥಾ ಕೋರ್ಸ್ ನಡೆಸೋರು ಆ ಕಡೆ ಬೇರೆಯೋರೂ ಇದಾರೆ, ನಾನು ಹೇಳೋದ್ರಲ್ಲಿ ಮುಕ್ಕಾಲು ಪಾಲು ಯಾರ ಹತ್ರ ಹೋದ್ರೂ ಕೆಲ್ಸಕ್ಕೆ ಬರುತ್ತೆ.

ಕ್ಯಾನಿಯನೀರಿಂಗ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ: ಅಮೆರಿಕಾಗೆ ಬಂದ ನಮ್ಮೋರಲ್ಲಿ ತುಂಬಾ ಜನ ಅರಿಜೋನಾದ ಪೇಜ್ ಅನ್ನೋ ಊರಿನ ಹತ್ರ ಆಂಟೆಲೋಪ್ ಕ್ಯಾನಿಯನ್‌ಗೆ ಹೋಗಿ, ಆ ಕೆಂಪು ಬಂಡೆ ಸೀಳಲ್ಲಿ ಬಿಸಿಲು ಕೋಲು ಬೀಳೋ ಫೋಟೋ ತೆಗ್ದಿರ್ತಾರಲ್ಲ, ಅಂಥಾ ಸೀಳುಗಳು ಆ ಸೀಮೇಲಿ ಲೆಕ್ಕ ಇಲ್ದಷ್ಟಿವೆ, ಅಲ್ಲೆಲ್ಲ ಏಣಿ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಮೇಲಿನ ತುದೀಲಿ ಒಳಗಿಳಿದು ಹಗ್ಗ ಕಟ್ಟಿ ಜಾರಿ, ಬಂಡೆ ಮಧ್ಯ ನುಸುಳಿ, ನೀರಿರೋ ಕಡೆ ಈಜಿ ಕೆಳಗಿನ ತುದೀಲಿ ಹೊರಗ್ ಬರೋದು. ಗೈಡ್ ಜೊತೆ ಒಂದಿನದ ಟೂರ್‌ಗೆ ಹೋದ್ರೆ ಹಗ್ಗ ಅವ್ರೇ ಕಟ್ಟಿರ್ತಾರೆ, ನೀವು ಇಳೀತೀರ ಅಷ್ಟೇ. ಕೋರ್ಸ್ ಅಂದ್ರೆ ಹಗ್ಗ ನೀವೇ ಕಟ್ಬೇಕು, ಸರಿಯಾಗಿ ಕಟ್ಟಿದೀನಾ ಅಂತ ನೀವೇ ನೋಡ್ಬೇಕು, ಇವತ್ತು ಇಳಿಯೋದಾ ಬೇಡ್ವಾ ಅಂತಾನೂ ನೀವೇ ತೀರ್ಮಾನ ಮಾಡ್ಬೇಕು. ನಾನು ದುಡ್ಡು ಕೊಟ್ಟಿದ್ದೇ ಇದಕ್ಕೆ. ಫೀಸು 1,450 ಡಾಲರ್, ವೆಟ್‌ಸೂಟ್ (ತಣ್ಣೀರಲ್ಲಿ ಮೈ ಬೆಚ್ಚಗಿಡೋ ರಬ್ಬರ್ ಥರದ ಉಡುಪು) ಬಾಡಿಗೆ ಬೇರೆ. ಫೀನಿಕ್ಸಿಂದ ಹೆಚ್ಚುಕಮ್ಮಿ ಎಂಟು ಗಂಟೆ ಡ್ರೈವ್.

ಜಾಗ ಗ್ರ್ಯಾಂಡ್ ಸ್ಟೇರ್‌ಕೇಸ್ ಎಸ್ಕಲಾಂಟೆ ನ್ಯಾಷನಲ್ ಮಾನ್ಯುಮೆಂಟ್, ಅಂದ್ರೆ ಅಮೆರಿಕಾ ಸರ್ಕಾರ ಕಾಪಾಡೋ ಪ್ರದೇಶ, 1996ರಲ್ಲಿ ಘೋಷಣೆ ಆಗಿದ್ದು. ಎಸ್ಕಲಾಂಟೆ ಊರಿಂದ ಹೋಲ್ ಇನ್ ದಿ ರಾಕ್ ರೋಡ್ ಅಂತ ಒಂದು ಮಣ್ಣಿನ ರಸ್ತೆ ಹೋಗುತ್ತೆ, ಎಡಕ್ಕೆ ಎಸ್ಕಲಾಂಟೆ ನದಿ ಕಣಿವೆಗಳು, ಬಲಕ್ಕೆ ಉದ್ದಕ್ಕೂ ಫಿಫ್ಟಿಮೈಲ್ ಮೌಂಟನ್ ಗೋಡೆ ಥರ ನಿಂತಿರುತ್ತೆ. ಆ ಗೋಡೆ ಎಲ್ಲಿದೆ ಅಂತ ನೆನಪಿಟ್ಕೊಳಿ, ಆಮೇಲೆ ಬರುತ್ತೆ. ಬಂಡೆ ನವಾಹೊ ಸ್ಯಾಂಡ್‌ಸ್ಟೋನ್, ಡೈನೋಸಾರ್ ಕಾಲದ ಮರಳುದಿಬ್ಬ ಗಟ್ಟಿಯಾಗಿ ಆದ ಕಲ್ಲು. ಕೈಯಲ್ಲಿ ಉಜ್ಜಿದ್ರೆ ಮರಳು ಉದುರುತ್ತೆ. ನಾನು ಚಿತ್ರದುರ್ಗದೋಳು, ಹುಟ್ಟಿದಾಗಿಂದ ನೋಡಿರೋದು ಗ್ರಾನೈಟ್ ಥರದ ಗಟ್ಟಿ ಬಂಡೆ, ನಮ್ಮ ಬಂಡೆ ಮೇಲಿನ ನಂಬಿಕೆ ಇಲ್ಲಿ ನಡೆಯಲ್ಲ ಅನ್ನೋದು ಮೊದಲ್ನೇ ದಿನವೇ ಅರ್ಥ ಆಯ್ತು. ಮಳೇಲಿ ನೆನೆದ್ರಂತೂ ಈ ಕಲ್ಲಿನ ಶಕ್ತಿ ಇನ್ನೂ ಕಮ್ಮಿ ಆಗುತ್ತೆ.

ಆರು ಜನ ಕಲಿಯೋರು, ಇಬ್ಬರು ಇನ್‌ಸ್ಟ್ರಕ್ಟರು. ಮೊದಲೆರಡು ದಿನ ಬರೀ ಬ್ಯಾಕ್‌ಪ್ಯಾಕಿಂಗು, ಅಂದ್ರೆ ಏನೇನು ಹೊತ್ಕೋಬೇಕು ಏನು ಬಿಡ್ಬೇಕು ಅನ್ನೋದು. ನನ್ನ ತೂಕ 50 ಕೆಜಿ, ಬ್ಯಾಗು 17. ಅದ್ರಲ್ಲಿ ನೀರೇ ದಿನಕ್ಕೆ 4 ಲೀಟರ್ ಲೆಕ್ಕ, 60 ಮೀಟರ್ ಹಗ್ಗ ಒಂದು ಮೂರು ಕೆಜಿ, ನೆನೆದ್ರೆ ಇನ್ನೂ ಭಾರ. ನನ್ನ ಬ್ಯಾಗಿಂದ ಎರಡನೇ ಜೊತೆ ಬಟ್ಟೆ, ಪವರ್‌ಬ್ಯಾಂಕ್ ಒಂದು, ಡಿಯೋಡರೆಂಟ್, ಪುಸ್ತಕ ಎಲ್ಲಾ ತೆಗೆಸಿ ಕಾರಲ್ಲಿಡಿಸಿದ್ರು, ಏಳು ದಿನದಲ್ಲಿ ಒಂದೂ ನೆನಪಾಗ್ಲಿಲ್ಲ.

ನೀರಿನ ಪಾಠ ನನಗೆ ಮನಸ್ಸಿಗೆ ತುಂಬಾ ಹತ್ರ ಆಯ್ತು. ಅಲ್ಲಿ ಹಳ್ಳದಲ್ಲಿ ಸಿಗೋ ನೀರು ಕೆಂಪು ಕೆಸರು, ನೇರವಾಗಿ ಫಿಲ್ಟರಿಗೆ ಹಾಕಿದ್ರೆ ಹತ್ತು ನಿಮಿಷದಲ್ಲಿ ಫಿಲ್ಟರ್ ಕಟ್ಕೊಳುತ್ತೆ. ಇನ್‌ಸ್ಟ್ರಕ್ಟರ್ ಒಂದು ಪುಟ್ಟ ಡಬ್ಬಿ ತೆಗೆದು ಬಿಳಿ ಪುಡಿ ಚಿಟಿಕೆ ಹಾಕಿ ಕಲಕಿ ಇಟ್ರು, ಸ್ವಲ್ಪ ಹೊತ್ತಿಗೆ ಕೆಸರೆಲ್ಲ ತಳಕ್ಕೆ ಕೂತು ಮೇಲೆ ತಿಳಿ ನೀರು. ನೋಡಿದ್ರೆ ಅದು ಪಟಿಕ! ಕ್ಷೌರದ ಅಂಗಡೀಲಿ ಇಟ್ಟಿರ್ತಾರಲ್ಲ ಅದೇ ಕಲ್ಲು. ನಮ್ಮಜ್ಜಿ ಕೆರೆ ನೀರು ತಂದಾಗ ಹಂಡೇಲಿ ಅದನ್ನ ನಾಕು ಸುತ್ತು ತಿರುಗಿಸಿ ತೆಗೀತಿದ್ರು, ನಾನದನ್ನ ಹೇಳಿದಾಗ ಅವ್ರು ಪಾಠ ನಿಲ್ಸಿ ಪೂರ್ತಿ ಕೇಳಿಸ್ಕೊಂಡ್ರು. ತಿಳಿ ಆದ ಮೇಲೂ ಫಿಲ್ಟರ್ ಮಾಡ್ಲೇಬೇಕು, ಪಟಿಕ ಕೆಸರು ಇಳಿಸುತ್ತೆ, ಅಷ್ಟಕ್ಕೇ ಕುಡಿಯೋಕೆ ಸೇಫ್ ಅಂತಲ್ಲ.

ಮ್ಯಾಪ್ ಓದೋದು ಅರ್ಧ ದಿನಕ್ಕೆ ಮುಗಿಸ್ಬಿಟ್ರು, ಇದು ನನ್ನ ಮೊದಲ್ನೇ ತಕರಾರು. ಕಲಿಸಿದ್ದಂತೂ ಬಹಳ ಚೆನ್ನಾಗಿತ್ತು, ನಾವು ಬಳಸಿದ ಮ್ಯಾಪಲ್ಲಿ ಒಂದೇ ಎತ್ತರದ ಜಾಗಗಳನ್ನ ಜೋಡಿಸೋ ಗೆರೆಗಳಿದ್ವು, ಒಂದೊಂದು ಗೆರೆಗೂ ನಡುವೆ 40 ಅಡಿ ಎತ್ತರ, ಹಂಗಾಗಿ 35 ಅಡಿ ಪ್ರಪಾತ ಎರಡು ಗೆರೆ ಮಧ್ಯ ಪೂರ್ತಿ ಅಡಗಿ ಕೂತಿರಬಹುದು, ಮ್ಯಾಪ್ ನೋಡಿದ್ರೆ ಸಲೀಸಾದ ಇಳಿಜಾರು ಅನ್ಸುತ್ತೆ. ಇದೊಂದು ಮಾತು ನನ್ನ ತಲೇಲಿ ಅಚ್ಚೊತ್ತಿ ಕೂತಿದೆ. ಇದನ್ನೇ ಎರಡು ದಿನ ಅಭ್ಯಾಸ ಮಾಡಿಸ್ಬೇಕಿತ್ತು.

ಈಗ ಆಂಕರ್, ಅಂದ್ರೆ ಇಳಿಯೋ ಹಗ್ಗನ ಮೇಲೆ ಭದ್ರವಾಗಿ ಹಿಡಿದಿಡೋ ಆಧಾರ. ಇದನ್ನ ಉದ್ದ ಬರೀತೀನಿ, ಯಾಕಂದ್ರೆ ಕೋರ್ಸಿನ ಜೀವ ಇರೋದೇ ಇಲ್ಲಿ.

ನಾಕನೇ ದಿನ ಒಂದು ಸೀಳಲ್ಲಿ ಸುಮಾರು 50 ಅಡಿ ಇಳಿಯೋ ಜಾಗಕ್ಕೆ ಬಂದ್ವಿ. ಹಗ್ಗ ಕಟ್ಟೋಕೆ ಮರ ಇಲ್ಲ, ದೊಡ್ಡ ಬಂಡೆ ಇಲ್ಲ, ಬೋಲ್ಟ್ ಹೊಡೆದಿಲ್ಲ, ಬರೀ ಮರಳು ಮತ್ತೆ ತೊಡೆ ದಪ್ಪದ ಕಲ್ಲುಗಳು. ಕಟ್ಟಿ ಅಂದ್ರು. ಡೆಡ್‌ಮ್ಯಾನ್ ಆಂಕರ್ ಅಂತ ಅದಕ್ಕೆ ಹೆಸರು. ಒಂದು ಉದ್ದನೆ ಕಲ್ಲು ಆರಿಸಿ, ನಡುವಿಗೆ ಒಂದಿಂಚಿನ ವೆಬ್ಬಿಂಗ್ ಪಟ್ಟಿ ಸುತ್ತಿ ಗಂಟು ಹಾಕಿ, ಮೊಣಕಾಲುದ್ದ ಗುಂಡಿ ತೋಡಿ ಕಲ್ಲನ್ನ ಅಡ್ಡಡ್ಡಕ್ಕೆ ಮಲಗಿಸಿ ಹೂಳ್ಬೇಕು. ಪಟ್ಟಿ ಹೊರಗ್ ಬರೋಕೆ ಅಂಚಿನ ಕಡೆಗೆ ಒಂದು ಸಣ್ಣ ಕಾಲುವೆ ತೋಡ್ಬೇಕು, ಇಲ್ದಿದ್ರೆ ಭಾರ ಬಿದ್ದಾಗ ಕಲ್ಲನ್ನ ಮೇಲಕ್ಕೆ ಎತ್ತುತ್ತೆ, ಕಾಲುವೆ ಇದ್ರೆ ಮುಂದಕ್ಕೆ ಎಳೆಯುತ್ತೆ, ಮುಂದಿನ ಮರಳೆಲ್ಲ ಅದನ್ನ ತಡೆಯುತ್ತೆ. ಮೇಲೆ ಮರಳು ತುಂಬಿ ತುಳಿದು, ಅದ್ರ ಮೇಲೆ ಸಿಕ್ಕ ಕಲ್ಲೆಲ್ಲ ಪೇರಿಸಿದ್ವಿ. ನಲವತ್ತು ನಿಮಿಷ ಹಿಡೀತು, ಉಗುರೆಲ್ಲ ಕಿತ್ತೋಗಿತ್ತು. ಪಟ್ಟಿ ತುದೀಗೆ ಒಂದು ಸ್ಟೀಲ್ ಕೊಂಡಿ, ಅದ್ರೊಳಗೆ ಹಗ್ಗ. ಪಟ್ಟಿ ಅಂಚು ದಾಟಿ ಕೆಳಕ್ಕೆ ಇಳಿಯೋ ಹಂಗೆ ಉದ್ದ ಬಿಡ್ಬೇಕು, ಇಲ್ಲಾಂದ್ರೆ ಆಮೇಲೆ ಹಗ್ಗ ಎಳೆಯುವಾಗ ಮೆತ್ತನೆ ಕಲ್ಲನ್ನ ಗರಗಸದ ಥರ ಕುಯ್ದು ಗೀರು ಮಾಡುತ್ತೆ, ಮುಂದೆ ಬರೋರ ಹಗ್ಗ ಆ ಗೀರಲ್ಲೇ ಸಿಕ್ಕಾಕ್ಕೊಳುತ್ತೆ.

ಕಟ್ಟಿದ್ದು ಗಟ್ಟಿ ಇದೆಯಾ ಅಂತ ಗೊತ್ತಾಗೋದು ಹೆಂಗೆ? ಮೊದ್ಲು ಮೂರು ಜನ ಸೇರಿ ಎಳೆದು ನೋಡಿದ್ವಿ. ಆಮೇಲೆ ಗುಂಪಲ್ಲಿ ಎಲ್ಲಕ್ಕಿಂತ ತೂಕ ಜಾಸ್ತಿ ಇರೋರು ಮೊದ್ಲು ಇಳೀತಾರೆ, ಅವ್ರು ಇಳಿಯುವಾಗ ಇನ್ನೊಬ್ರು ಹಿಂದೆ ಕೂತು ಬ್ಯಾಕಪ್ ಆಗಿ ಕ್ಲಿಪ್ ಆಗಿರ್ತಾರೆ, ಆಂಕರ್ ಜಾರಿದ್ರೆ ಮಾತ್ರ ಭಾರ ಇವ್ರ ಮೇಲೆ ಬರುತ್ತೆ. ಪಟ್ಟಿ ಪಕ್ಕ ಮರಳಲ್ಲಿ ಗುರುತು ಮಾಡಿ, ಒಂದಿಂಚು ಜರುಗಿದ್ರೂ ಕಾಣೋ ಹಂಗೆ ಎಲ್ರೂ ಬಗ್ಗಿ ನೋಡ್ತಿರ್ತೀವಿ. ಹಿಂಗೆ ಭಾರದೋರೆಲ್ಲ ಒಬ್ಬೊಬ್ರಾಗಿ ಇಳಿದ ಮೇಲೆ ಕೊನೆಗೆ ಉಳಿಯೋರು ಗುಂಪಲ್ಲಿ ಹಗುರ ಇರೋರು. ಅವ್ರಿಗೆ ಬ್ಯಾಕಪ್ ಹಿಡಿಯೋಕೆ ಮೇಲೆ ಯಾರೂ ಇರಲ್ಲ.

ಆ ಕೊನೆಯೋಳು ನಾನು. ಇಳಿದಷ್ಟೂ ಸಲ ನಾನೇ.

ಮೇಲೆ ಒಬ್ಳೇ ನಿಂತಾಗ ಕೆಳಗಿನ ಮಾತೆಲ್ಲ ಬಂಡೇಲಿ ಗುಂಯ್ ಅಂತ ಕಲಸಿ ಬರ್ತಿತ್ತು. ಕೆಳಗಿಂದ ಒಂದಡಿ ಹಗ್ಗ ಎಳೆದು ನೋಡಿ ಓಡ್ತಿದೆ ಅಂತ ಕೂಗಿದ್ರು, ಕೊನೆಯೋರು ಇಳಿಯೋ ಮುಂಚೆ ಈ ಪರೀಕ್ಷೆ ಮಾಡ್ಲೇಬೇಕು. ಗುರುತು ನೋಡ್ದೆ, ಅಷ್ಟು ಜನ ಇಳಿದ್ರೂ ಅಲ್ಲಾಡಿಲ್ಲ. ನನಗಿಂತ 40 ಕೆಜಿ ಜಾಸ್ತಿ ಇರೋರನ್ನ ತಡೆದ ಮರಳು ನನ್ನನ್ನ ತಡೆಯುತ್ತೆ ಅನ್ನೋದು ಲೆಕ್ಕ, ಧೈರ್ಯ ಅಲ್ಲ. ಆ ವ್ಯತ್ಯಾಸ ನನಗೆ ಆವತ್ತು ತಿಳೀತು. ಹೆದರಿಕೆ ಇತ್ತು, ಕೈ ಬೆವರ್ತಿತ್ತು, ಆದ್ರೂ ಲೆಕ್ಕ ಮನಸ್ಸಲ್ಲಿ ಸ್ಪಷ್ಟ ಇದ್ದಿದ್ರಿಂದ ಕೈ ತನ್ನ ಕೆಲ್ಸ ತಾನು ಮಾಡ್ತು. ಕೆಳಗಿಳಿದ ಮೇಲೆ ಹಗ್ಗ ಎಳ್ಕೊಂಡ್ವಿ, ಅಲ್ಲಿಗೆ ವಾಪಸ್ ಹೋಗೋ ದಾರಿ ಮುಗೀತು. ಎಳೆಯೋ ಮುಂಚೆ ಇನ್‌ಸ್ಟ್ರಕ್ಟರ್ ಪ್ರತಿ ಸಲ ಒಬ್ಬೊಬ್ರ ಮುಖ ನೋಡಿ ಎಳೀಲಾ ಅಂತ ಕೇಳೋರು, ಆರೂ ಜನ ಹೂಂ ಅನ್ನೋವರೆಗೂ ಎಳೀತಿರ್ಲಿಲ್ಲ.

ಸೀಳೊಳಗೆ ಬೆನ್ನು ಒಂದು ಗೋಡೆಗೆ ಪಾದ ಇನ್ನೊಂದು ಗೋಡೆಗೆ ಒತ್ತಿ ಜರುಗೋದು ಬೇಗ ಬಂತು. ನಮ್ಮೂರಲ್ಲಿ ಬಾವಿ ಹೂಳು ತೆಗೆಯೋರು ಎರಡೂ ಕಡೆ ಕಾಲು ಕೊಟ್ಟು ಇಳಿಯೋದನ್ನ ಚಿಕ್ಕೋಳಿದ್ದಾಗ ನೋಡಿದ್ದೆ, ದೇಹಕ್ಕೆ ನೆನಪಿತ್ತೇನೋ. ನೀರು ಮಾತ್ರ ಕೊರೆಯುತ್ತೆ, ಮೇಲೆ 30 ಡಿಗ್ರಿ ಬಿಸಿಲಿದ್ರೂ ಸೂರ್ಯ ಕಾಣದ ಗುಂಡಿ ನೀರಲ್ಲಿ ಐದು ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತೆ, ವೆಟ್‌ಸೂಟ್ ಇಲ್ದೆ ಸಾಧ್ಯ ಇಲ್ಲ.

ಆರನೇ ದಿನ ಕೋರ್ಸಿನ ಕೊನೆಯ ದೊಡ್ಡ ಕ್ಯಾನಿಯನ್. ಎಲ್ರೂ ಅದಕ್ಕೇ ಕಾಯ್ತಿದ್ವಿ. ಬೆಳಿಗ್ಗೆ ತಲೆ ಮೇಲೆ ಆಕಾಶ ನೀಲಿ, ಒಂದು ಚೂರು ಮೋಡ ಇಲ್ಲ. ಪಶ್ಚಿಮಕ್ಕೆ ಫಿಫ್ಟಿಮೈಲ್ ಮೌಂಟನ್ ಮೇಲೆ ಮಾತ್ರ ಹತ್ತಿ ಮೂಟೆ ಥರ ಮೋಡ ಏಳ್ತಿತ್ತು. ಇಬ್ಬರೂ ಇನ್‌ಸ್ಟ್ರಕ್ಟರ್ ಏನೂ ಹೇಳ್ಲಿಲ್ಲ, ಮ್ಯಾಪ್ ಹಾಸಿ ನಮ್ಮ ಕ್ಯಾನಿಯನ್‌ಗೆ ನೀರು ಎಲ್ಲಿಂದ ಬರುತ್ತೆ ತೋರಿಸಿ ಅಂದ್ರು. ಬೆರಳಿಟ್ಟು ಹಳ್ಳದ ದಾರಿ ಹಿಡ್ಕೊಂಡು ಹೋದ್ರೆ ಸೀದಾ ಆ ಗೋಡೆಗೇ ಹೋಯ್ತು. ನನಗೆ ಹೇಳ್ಕೊಡೋದೇ ಬೇಡ, ಬಯಲುಸೀಮೆಯೋರಿಗೆ ಹಳ್ಳ ಬರೋದು ಅಂದ್ರೆ ಏನು ಅಂತ ಗೊತ್ತು. ನಮ್ಮೂರಲ್ಲಿ ಮಳೇನೇ ಇಲ್ದೆ ಎಲ್ಲೋ ಮೇಲೆ ಹುಯ್ದ ಮಳೆಗೆ ಒಣಗಿದ ಹಳ್ಳ ಬಂದು, ಈ ದಡದಲ್ಲಿ ನಿಂತು ಆ ದಡದೋರನ್ನ ಕೂಗಿ ಮಾತಾಡಿದ್ದು ಎಷ್ಟು ಸಲವೋ. ಆಂಟೆಲೋಪಲ್ಲಿ 1997ರ ಆಗಸ್ಟಲ್ಲಿ 11 ಜನ ಸತ್ತಿದ್ದೂ ಹಿಂಗೇ, ಮಳೆ ಆಗಿದ್ದು ಮೈಲಿಗಟ್ಟಲೆ ಮೇಲೆ. 2015ರ ಸೆಪ್ಟೆಂಬರ್ 14ಕ್ಕೆ ಯೂಟಾದ ಜಯಾನ್ ನ್ಯಾಷನಲ್ ಪಾರ್ಕಿನ ಕೀಹೋಲ್ ಕ್ಯಾನಿಯನ್‌ನಲ್ಲಿ ಇಳಿದಿದ್ದ ಏಳಕ್ಕೆ ಏಳೂ ಜನ ಪ್ರವಾಹದಲ್ಲಿ ಹೋದ್ರು.

ಇಳಿಯೋದು ಬೇಡ ಅಂತ ಐದು ಜನ ಅಂದ್ವಿ, ಒಬ್ರು ಇಳಿಯೋಣ ಅಂದ್ರು, ಇಳಿಯೋಕೆ ಎಲ್ರೂ ಒಪ್ಬೇಕು ಅನ್ನೋದು ಸಂಸ್ಥೆ ನಿಯಮ. ವಾಪಸ್ ನಡೆದ್ವಿ. ಸಂಜೆ ತನಕ ಮೇಲಿನ ಬಂಡೆ ಮೇಲೆ ಕೂತು ಹಳ್ಳ ನೋಡ್ತಿದ್ವಿ.

ಹಳ್ಳ ಬರ್ಲಿಲ್ಲ. ಮೋಡ ನಾಕು ಗಂಟೆಗೆ ಚದುರಿ ಹೋಯ್ತು.

ಆ ಒಬ್ರು ದುಡ್ಡು ವಾಪಸ್ ಕೊಡಿ ಅಂತ ಜಗಳಕ್ಕೇ ನಿಂತ್ರು. ನನ್ನ ಪ್ರಕಾರ ಇಡೀ ವಾರದಲ್ಲಿ ಇನ್‌ಸ್ಟ್ರಕ್ಟರು ನಮಗೆ ಕೊಟ್ಟ ಅತ್ಯಂತ ಬೆಲೆಬಾಳೋ ದಿನ ಅದೇ. ನೀರು ಬಂದಿದ್ರೆ ನಮ್ಮ ತೀರ್ಮಾನ ಸರಿ, ಬರ್ದಿದ್ರೆ ತಪ್ಪು ಅಂತ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಮಗೆ ಗೊತ್ತಿದ್ದಿದ್ದು ಮೋಡ ಮತ್ತೆ ಮ್ಯಾಪು, ಅಷ್ಟರ ಮೇಲೆ ಅದು ಸರಿ. ಟೂರ್ ಕಂಪನಿ ಆಗಿದ್ರೆ ಕಸ್ಟಮರ್ ಬೇಜಾರಾಗ್ತಾರೆ ಅಂತ ಇಳಿಸಿರೋರು ಅನ್ನೋ ಭಯ ನನಗೀಗ ಇದೆ. ಇಂಥಾ ಕೋರ್ಸ್ ಬುಕ್ ಮಾಡೋ ಮುಂಚೆ ಹವಾಮಾನ ಕೆಟ್ರೆ ಏನು ಮಾಡ್ತೀರ ಅಂತ ಕೇಳಿ, ಬೇರೆ ಪ್ಲಾನ್ ಇದೆ, ದುಡ್ಡು ವಾಪಸ್ ಇಲ್ಲ ಅಂತ ಮುಖಕ್ಕೆ ಹೇಳೋರ ಹತ್ರಾನೇ ಹೋಗಿ.

ನೆಲದ ಬಗ್ಗೆ ಅವ್ರಿಗಿರೋ ಕಾಳಜಿಗೆ ನಾನು ತಲೆ ಬಾಗ್ತೀನಿ. ಮರಳ ಮೇಲೆ ಗಾಯದ ಹಕ್ಕಳೆ ಥರ ಒಂದು ಕಪ್ಪು ಪೊರೆ ಇರುತ್ತೆ, ಸೂಕ್ಷ್ಮಜೀವಿಗಳು ಸೇರಿ ಕಟ್ಟಿರೋದು, ಅದೇ ಅಲ್ಲಿ ಮಣ್ಣು ಹಾರಿ ಹೋಗ್ದಂಗೆ ಹಿಡಿದಿಟ್ಟಿರೋದು, ಒಂದು ಹೆಜ್ಜೆ ಇಟ್ರೆ ಮತ್ತೆ ಸರಿಯಾಗೋಕೆ ಹತ್ತಾರು ವರ್ಷ. ಏಳು ದಿನ ಬಂಡೆ ಮೇಲೆ ಇಲ್ಲಾ ಹಳ್ಳದ ಮರಳಲ್ಲಿ ಮಾತ್ರ ನಡೆಸಿದ್ರು. ಕಕ್ಕಸ್ಸೂ ಚೀಲದಲ್ಲಿ ಕಟ್ಟಿ ಹೊತ್ಕೊಂಡೇ ಬರ್ಬೇಕು, ಹೆಣ್ಮಕ್ಕಳು ಪ್ಯಾಡ್ ಕೂಡ. ನನಗೆ ಮೂರನೇ ದಿನ ಪೀರಿಯಡ್ಸ್ ಶುರುವಾಯ್ತು, ನಮ್ಮ ಹಿರಿಯ ಇನ್‌ಸ್ಟ್ರಕ್ಟರ್ ಹೆಂಗಸು, ಅವ್ರು ಮೊದಲ್ನೇ ದಿನವೇ ಎಲ್ರ ಮುಂದೆ ಸಂಕೋಚ ಇಲ್ದೆ ಇದನ್ನೆಲ್ಲ ವಿವರಿಸಿದ್ರು, ಅದಕ್ಕೆ ಏನೂ ಕಷ್ಟ ಆಗ್ಲಿಲ್ಲ.

ಊಟ ಸುಮಾರು. ವೆಜ್ ಕೊಡ್ತೀವಿ ಅಂದಿದ್ರು, ಕೊಟ್ರು, ಆದ್ರೆ ಏಳು ದಿನಕ್ಕೆ ಅದೇ ಎರಡು ಐಟಂ. ನಾನು ಗೊಜ್ಜವಲಕ್ಕಿ ಮಿಕ್ಸು, ಚಟ್ನಿಪುಡಿ ತಗೊಂಡು ಹೋಗಿದ್ದು ಪುಣ್ಯ. ಅವಲಕ್ಕಿಗೆ ಒಲೆನೂ ಬೇಡ, ಭಾರನೂ ಇಲ್ಲ, ತಣ್ಣೀರಲ್ಲಿ ಕಾಲು ಗಂಟೆ ನೆನೆದ್ರೆ ಊಟ. ಮೂರನೇ ದಿನಕ್ಕೆ ಉಳಿದ ಐದು ಜನಾನೂ ಕೈ ಚಾಚ್ತಿದ್ರು.

ಇನ್ನೊಂದು ತಕರಾರು, ಎರಡನೇ ಇನ್‌ಸ್ಟ್ರಕ್ಟರ್ ಗಂಟು ಹಾಕೋ ಸ್ಪೀಡು. ತೋರಿಸಿದ್ದು ಕಣ್ಣಿಗೇ ಕಾಣ್ತಿರ್ಲಿಲ್ಲ, ನಿಧಾನ ಮಾಡಿ ಅಂತ ಪ್ರತಿ ಸಲ ಹೇಳ್ಬೇಕಾಯ್ತು. ಹೇಳೋಕೆ ನಾಚ್ಕೋಬೇಡಿ, ಆ ಗಂಟಿಗೆ ನೇತಾಡೋರು ನೀವು.

ಬೆಟ್ಟ ಹತ್ತಿ ಅಭ್ಯಾಸ ಇರೋ, ಎತ್ತರ ಕಂಡ್ರೆ ಕೈಕಾಲು ಪೂರ್ತಿ ಮರಗಟ್ಟದ ಯಾರಾದ್ರೂ ಹೋಗ್ಬಹುದು, ನನಗೆ 41. ಈಜು ಸ್ವಲ್ಪನಾದ್ರೂ ಬರ್ಲೇಬೇಕು. ಜುಲೈ ಆಗಸ್ಟ್ ಬಿಟ್ಟು ಏಪ್ರಿಲ್ ಕೊನೆ ಇಲ್ಲಾ ಸೆಪ್ಟೆಂಬರ್ ಕೊನೆಗೆ ಹಾಕ್ಕೊಳಿ. ವೆಟ್‌ಸೂಟ್ ಮಾತ್ರ ನಿಮ್ಮ ಸೈಜು ಇದೆಯಾ ಅಂತ ಮೊದ್ಲೇ ಫೋನ್ ಮಾಡಿ ಕೇಳಿ, ನನಗೆ ಕೊಟ್ಟಿದ್ದು ಎರಡು ಸೈಜ್ ದೊಡ್ಡದು, ಕುತ್ತಿಗೆ ಹತ್ರ ಕೈ ತೂರೋಷ್ಟು ಜಾಗ, ಪ್ರತಿ ಗುಂಡೀಲೂ ತಣ್ಣೀರು ಬೆನ್ನೊಳಗೆ ಇಳೀತಿತ್ತು.