ರಿಯಾಕ್ಟ್ ನೇಟಿವ್‌ನಲ್ಲಿ ಜಾವಾ ಅರೇಗಳು: ಕಾಟಾ, ಪ್ರಿಂಟರ್ ಜೋಡಿಸಿ ಹಲವು ಸುಗ್ಗಿ ಬಳಸಿದ ಮೇಲೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ನೆಲ್ಲಿನ ಅಂಗಡಿಗಳಿಗೆ ತೂಕದ ಆ್ಯಪ್ ಮಾಡಿಕೊಡುವುದು ನನ್ನ ಕೆಲಸ. ಎಲೆಕ್ಟ್ರಾನಿಕ್ ಕಾಟಾದಿಂದ ಬ್ಲೂಟೂತ್ ಮೂಲಕ ತೂಕ ಫೋನಿಗೆ ಬರುತ್ತದೆ, ಚೀಲಗಳ ಲೆಕ್ಕ ಪರದೆಯ ಮೇಲೆ ಕೂಡುತ್ತಾ ಹೋಗುತ್ತದೆ, ಕೊನೆಗೆ ಅಂಗೈಯಷ್ಟಿರುವ ಥರ್ಮಲ್ ಪ್ರಿಂಟರ್‌ನಿಂದ ರೈತನ ಕೈಗೆ ಕನ್ನಡದ ಚೀಟಿ ಸಿಗುತ್ತದೆ. ಪರದೆಯ ಕೆಲಸವೆಲ್ಲ ಜಾವಾಸ್ಕ್ರಿಪ್ಟ್‌ನಲ್ಲಿದೆ. ಕಾಟಾ ಮತ್ತು ಪ್ರಿಂಟರ್ ಕಂಪನಿಗಳು ಕೊಡುವ ಲೈಬ್ರರಿಗಳು ಜಾವಾದಲ್ಲಿವೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೊಬೈಲ್ ಆ್ಯಪ್ ಕಟ್ಟುವ ಚೌಕಟ್ಟು ರಿಯಾಕ್ಟ್ ನೇಟಿವ್. ಎರಡನ್ನೂ ಸೇರಿಸಲು ಅದರ ನೇಟಿವ್ ಮಾಡ್ಯೂಲ್‌ಗಳನ್ನು, ಅಂದರೆ ಜಾವಾ ಕೋಡನ್ನು ಜಾವಾಸ್ಕ್ರಿಪ್ಟ್‌ನಿಂದ ಕರೆಯಲು ಬಿಡುವ ಭಾಗಗಳನ್ನು, ಹಲವು ಸುಗ್ಗಿಗಳಿಂದ ಬಳಸುತ್ತಿದ್ದೇನೆ.

ಈ ವಿಮರ್ಶೆ ಅದರ ಒಂದು ಭಾಗಕ್ಕೆ ಮಾತ್ರ ಸಂಬಂಧಿಸಿದ್ದು: ಅರೇಗಳನ್ನು (ಸಾಲಾಗಿ ಜೋಡಿಸಿದ ಮೌಲ್ಯಗಳ ಪಟ್ಟಿಗಳನ್ನು) ಜಾವಾದಿಂದ ಜಾವಾಸ್ಕ್ರಿಪ್ಟ್‌ಗೆ, ಅಲ್ಲಿಂದ ವಾಪಸ್ಸು ದಾಟಿಸುವುದು. ಒಂದು ಜಾವಾ ಲೈಬ್ರರಿಗೆ ಹೊದಿಕೆ (ಅದನ್ನು ಪರದೆಯ ಕೋಡ್‌ಗೆ ಜೋಡಿಸುವ ಕೋಡ್) ಬರೆಯಲು ಕೂತವರಿಗೆ ಇದರ ತೂಕ ಗೊತ್ತು. ಒಂದು ಸಂಖ್ಯೆ, ಒಂದು ಹೆಸರು, ಹೌದು-ಅಲ್ಲ ಇವು ಸಲೀಸಾಗಿ ದಾಟುತ್ತವೆ. ಆದರೆ ಯಂತ್ರಗಳ ಲೈಬ್ರರಿ ಕೊಡುವುದು, ಕೇಳುವುದು ಬಹುಪಾಲು ಅರೇಗಳನ್ನೇ: ಸಿಕ್ಕ ಸಾಧನಗಳ ಪಟ್ಟಿ, ತೂಕಗಳ ಸಾಲು, ಪ್ರಿಂಟರ್‌ಗೆ ಹೋಗುವ ಬೈಟ್‌ಗಳು.

ಆಂಡ್ರಾಯ್ಡ್‌ಗೆ ರಿಯಾಕ್ಟ್ ನೇಟಿವ್ ಬಂದದ್ದು 2015ರ ಸೆಪ್ಟೆಂಬರ್‌ನಲ್ಲಿ. ಆಗಿನಿಂದ ಇವತ್ತಿನವರೆಗೆ ಒಂದು ನಿಯಮ ಬದಲಾಗಿಲ್ಲ. ಜಾವಾದ ನಿಜವಾದ ಅರೇ, ಅಂದರೆ ಇಂಟ್ (ಪೂರ್ಣಾಂಕ) ಅರೇ, ಬೈಟ್ ಅರೇ, ಸ್ಟ್ರಿಂಗ್ (ಅಕ್ಷರಗಳ ಸಾಲು) ಅರೇ, ಹಾಗೇ ದಾಟುವುದಿಲ್ಲ. ಜಾವಾಸ್ಕ್ರಿಪ್ಟ್‌ನಿಂದ ಬಂದ ಅರೇ ಜಾವಾ ಕಡೆ ರೀಡಬಲ್‌ಅರೇ ಆಗಿ ಕಾಣುತ್ತದೆ. ಜಾವಾದಿಂದ ಕಳಿಸುವಾಗ ಆರ್ಗ್ಯುಮೆಂಟ್ಸ್ ಕ್ಲಾಸಿನ ಕ್ರಿಯೇಟ್‌ಅರೇ ಕರೆದು ಒಂದು ರೈಟಬಲ್‌ಅರೇ ಮಾಡಿಕೊಂಡು, ಪುಶ್‌ಇಂಟ್, ಪುಶ್‌ಡಬಲ್, ಪುಶ್‌ಸ್ಟ್ರಿಂಗ್, ಪುಶ್‌ಮ್ಯಾಪ್ ಎಂದು ಒಂದೊಂದೇ ತುಂಬಬೇಕು. ಹೊಸಬರಿಗೆ ಇದು ಅನಗತ್ಯ ಕೂಲಿ ಅನ್ನಿಸುತ್ತದೆ. ನನಗೆ ಈಗ ಹಾಗನ್ನಿಸುವುದಿಲ್ಲ. ಪ್ರತಿ ಅಂಶವೂ ಯಾವ ವಿಧವಾಗಿ ಆಚೆ ಹೋಗುತ್ತಿದೆ ಎಂದು ಬರೆದವರ ಕೈಯಿಂದಲೇ ಹೇಳಿಸುವ ಪದ್ಧತಿ ಇದು.

ಸಾಧನಗಳ ಪಟ್ಟಿಯಂಥ ಕೆಲಸಕ್ಕೆ ಈ ವ್ಯವಸ್ಥೆ ಅಚ್ಚುಕಟ್ಟು. ಫೋನಿಗೆ ಜೋಡಿಯಾದ ಬ್ಲೂಟೂತ್ ಸಾಧನಗಳನ್ನು ಆಂಡ್ರಾಯ್ಡ್ ಒಂದು ಸೆಟ್ ಆಗಿ ಕೊಡುತ್ತದೆ. ಒಂದೊಂದರ ಹೆಸರು, ವಿಳಾಸವನ್ನು ಮ್ಯಾಪ್‌ಗೆ (ಹೆಸರು-ಮೌಲ್ಯ ಜೋಡಿಗಳ ಗುಂಪಿಗೆ) ಹಾಕಿ, ಮ್ಯಾಪನ್ನು ಅರೇಗೆ ತಳ್ಳಿ, ಪ್ರಾಮಿಸ್ (ಆಮೇಲೆ ಉತ್ತರ ತಲುಪಿಸುವ ವ್ಯವಸ್ಥೆ) ಮೂಲಕ ಕೊಟ್ಟರೆ ಪರದೆಯಲ್ಲಿ ಪಟ್ಟಿ ಸಿದ್ಧ. ಒಂದು ಎಚ್ಚರ ಬೇಕು: ಒಮ್ಮೆ ದಾಟಿಸಿದ ಅಥವಾ ಇನ್ನೊಂದರೊಳಗೆ ತಳ್ಳಿದ ರೈಟಬಲ್‌ಅರೇಯನ್ನು ಮತ್ತೆ ಬಳಸುವಂತಿಲ್ಲ. ಅದೇ ಅರೇಯನ್ನು ಪ್ರಾಮಿಸ್‌ಗೂ ಈವೆಂಟ್‌ಗೂ ಕೊಡಲು ಹೋದರೆ ‘ಆಗಲೇ ಬಳಕೆಯಾಗಿದೆ’ ಎಂಬ ಎಕ್ಸೆಪ್ಶನ್ (ದೋಷ) ಬಂದು ಆ್ಯಪ್ ನಿಲ್ಲುತ್ತದೆ. ಎರಡು ಕಡೆ ಬೇಕಿದ್ದರೆ ಎರಡು ಸಲ ಕಟ್ಟಬೇಕು.

ತೂಕದ ವಿಷಯಕ್ಕೆ ಬರುತ್ತೇನೆ. ಈ ಭಾಗದಲ್ಲಿ ನೆಲ್ಲಿನ ದರ ಹೇಳುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಆ್ಯಪ್ ಕೊಳ್ಳುವ ಮುಂಚೆ ಒಬ್ಬ ಸಾಹುಕಾರರು ನನಗೆ ಹಾಕಿದ ಷರತ್ತು ಒಂದೇ: “ನೋಡ್ರಿ ತಮ್ಮಾ, ಕಾಟಾ ಮ್ಯಾಲ ಏನ್ ಕಾಣ್ತದೋ ಚೀಟ್ಯಾಗೂ ಅದ ಬರ್ಬೇಕು. ಹತ್ತು ಗ್ರಾಂ ಫರಕ್ ಬಂದ್ರೂ ರೈತ ನಂಬಂಗಿಲ್ಲ.” ಅವರ ಮಾತು ನೂರಕ್ಕೆ ನೂರು ಸರಿ.

ಅವರ ಅಂಗಡಿಯ ಕಾಟಾದ ಲೈಬ್ರರಿ ತೂಕಗಳನ್ನು ಫ್ಲೋಟ್ (ದಶಾಂಶ ಸಂಖ್ಯೆ) ಅರೇಯಾಗಿ ಕೊಡುತ್ತಿತ್ತು. ಜಾವಾದ ಫ್ಲೋಟ್ 32 ಬಿಟ್‌ನದು, ಜಾವಾಸ್ಕ್ರಿಪ್ಟ್‌ನ ಸಂಖ್ಯೆ 64 ಬಿಟ್‌ನ ಡಬಲ್. 75.35 ಎಂಬ ತೂಕ ಫ್ಲೋಟ್‌ನಲ್ಲಿ ಕೂರುವಾಗಲೇ ಕೂದಲೆಳೆಯಷ್ಟು ಕಡಿಮೆಯಾಗಿರುತ್ತದೆ. ಜಾವಾ ಅದನ್ನು ಮುದ್ರಿಸುವಾಗ 75.35 ಎಂದೇ ತೋರಿಸುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಡಬಲ್ ಆಗಿ ಆಚೆ ಹೋದ ಕ್ಷಣ ಅದು 75.3499984741211 ಎಂದು ಕಾಣುತ್ತದೆ. ಎರಡು ದಶಾಂಶಕ್ಕೆ ಕತ್ತರಿಸುವವರಿಗೆ ಸಿಗುವುದು 75.34. ಚೀಲಕ್ಕೆ ಹತ್ತು ಗ್ರಾಂ, ಸಾಹುಕಾರರು ಬೇಡವೆಂದ ಅದೇ ಹತ್ತು ಗ್ರಾಂ. 200 ಚೀಲದ ಲೋಡಿನಲ್ಲಿ ಎಲ್ಲ ಚೀಲಕ್ಕೂ ಹೀಗಾದರೆ ಎರಡು ಕೆ.ಜಿ. ಆಯಿತು.

ಆರ್ಗ್ಯುಮೆಂಟ್ಸ್ ಕ್ಲಾಸಿನಲ್ಲಿ ಫ್ರಮ್‌ಅರೇ ಎಂಬ ಅನುಕೂಲ ಇದೆ; ಇಂಟ್, ಫ್ಲೋಟ್, ಡಬಲ್, ಬೂಲಿಯನ್, ಸ್ಟ್ರಿಂಗ್ ಅರೇಗಳನ್ನು ಒಂದೇ ಸಾಲಿನಲ್ಲಿ ಬದಲಿಸಿಕೊಡುತ್ತದೆ. ಫ್ಲೋಟ್ ಅರೇ ಕೊಟ್ಟರೂ ಪಡೆಯುತ್ತದೆ, ಮೇಲಿನ ಸಮಸ್ಯೆಯನ್ನೂ ಹಾಗೇ ದಾಟಿಸುತ್ತದೆ. ಆದ್ದರಿಂದ ತೂಕಕ್ಕೆ ನಾನು ಅದನ್ನು ಬಳಸುವುದಿಲ್ಲ. ಜಾವಾ ಕಡೆಯೇ ಸಾವಿರದಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಗ್ರಾಂ ಲೆಕ್ಕದಲ್ಲಿ ಇಂಟ್ ಮಾಡಿ ತಳ್ಳುತ್ತೇನೆ. 75350 ಹೊರಟರೆ 75350 ತಲುಪುತ್ತದೆ. ಕೂಡುವುದೂ ಗ್ರಾಂನಲ್ಲೇ, ಕೆ.ಜಿ. ಮಾಡುವುದು ಚೀಟಿಗೆ ಬರೆಯುವಾಗ ಮಾತ್ರ. ಹಣದ ಲೆಕ್ಕವೂ ಹಾಗೇ, ಪೈಸೆಯಲ್ಲಿ.

ಲಾಂಗ್ ವಿಧದ ದೊಡ್ಡ ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ಜಾವಾಸ್ಕ್ರಿಪ್ಟ್ ಸಂಖ್ಯೆ ತಪ್ಪಿಲ್ಲದೆ ಹಿಡಿಯಬಲ್ಲ ಪೂರ್ಣಾಂಕದ ಮಿತಿ 9007199254740991. ಸಮಯದ ಮಿಲಿಸೆಕೆಂಡುಗಳು ಇದರೊಳಗೆ ಧಾರಾಳವಾಗಿ ಹಿಡಿಸುತ್ತವೆ. ಸಾಧನದ 64 ಬಿಟ್ ಗುರುತಿನ ಸಂಖ್ಯೆಗಳು ಹಿಡಿಸದೇ ಇರಬಹುದು. ಅವನ್ನು ಸ್ಟ್ರಿಂಗ್ ಮಾಡಿಯೇ ಕಳಿಸಬೇಕು.

ವಾಪಸ್ಸು ಬರುವ ದಾರಿಯಲ್ಲಿ ರೀಡಬಲ್‌ಅರೇಗೆ ಟುಅರೇಲಿಸ್ಟ್ ಎಂಬ ಮೆಥಡ್ ಇದೆ, ಬಹಳ ಜನ ಮೊದಲು ಕೈ ಹಾಕುವುದು ಅದಕ್ಕೇ. ಅದು ಕೊಡುವ ಪಟ್ಟಿಯಲ್ಲಿ ಎಲ್ಲ ಸಂಖ್ಯೆಗಳೂ ಡಬಲ್. ಇಂಟಿಜರ್ ಎಂದು ಕಾಸ್ಟ್ ಮಾಡಿದರೆ (ವಿಧ ಬದಲಿಸಿದರೆ) ಅಲ್ಲೇ ಎಕ್ಸೆಪ್ಶನ್. ಗೆಟ್‌ಇಂಟ್ ಬಳಸಿ ಒಂದೊಂದೇ ಓದಿ ಇಂಟ್ ಅರೇಗೆ ತುಂಬುವುದು ಲೇಸು. ಖಾಲಿ ಅಂಶ ಬರುವ ಸಂಭವ ಇದ್ದರೆ ಮೊದಲು ಇಸ್‌ನಲ್ ಕೇಳಬೇಕು.

ಈಗ ಪ್ರಿಂಟರ್. ನನ್ನ ಅನುಭವದಲ್ಲಿ ರಿಯಾಕ್ಟ್ ನೇಟಿವ್ ದುರ್ಬಲ ಅನ್ನಿಸುವ ಜಾಗ ಇದು. ನಮ್ಮ ಅಂಗಡಿಗಳಲ್ಲಿರುವ ಅಗ್ಗದ ಥರ್ಮಲ್ ಪ್ರಿಂಟರ್‌ಗಳೊಳಗೆ ಕನ್ನಡ ಅಕ್ಷರಗಳಿಲ್ಲ. ಕನ್ನಡ ಬೇಕೆಂದರೆ ಚೀಟಿಯನ್ನು ಚಿತ್ರವಾಗಿ ಕಳಿಸಬೇಕು. 58 ಮಿ.ಮೀ. ಕಾಗದದ ಪ್ರಿಂಟರ್ ಒಂದು ಸಾಲಿಗೆ 384 ಚುಕ್ಕೆ ಹಾಕುತ್ತದೆ, ಒಂದು ಚುಕ್ಕೆಗೆ ಒಂದು ಬಿಟ್, ಅಂದರೆ ಸಾಲಿಗೆ 48 ಬೈಟ್. ಮಿ.ಮೀ.ಗೆ 8 ಸಾಲು. ಹದಿನೈದು ಸೆಂ.ಮೀ. ಚೀಟಿಗೆ 1200 ಸಾಲು, 57,600 ಬೈಟ್.

ಇಷ್ಟನ್ನು ಜಾವಾಸ್ಕ್ರಿಪ್ಟ್‌ನಲ್ಲಿ ತಯಾರಿಸಿ ಅರೇಯಾಗಿ ದಾಟಿಸಿದರೆ ಒಂದೊಂದು ಬೈಟೂ ಒಂದು ಡಬಲ್ ಆಗುತ್ತದೆ. 57,600 ಇದ್ದದ್ದು ಎಂಟು ಪಟ್ಟಾಗಿ ಕನಿಷ್ಠ 4,60,800 ಬೈಟ್. ಆಮೇಲೆ ಜಾವಾ ಕಡೆ ಮತ್ತೆ ಒಂದೊಂದೇ ಓದಿ ಬೈಟ್ ಮಾಡಬೇಕು. ಜಾವಾದಿಂದ ಬೈಟ್ ಅರೇ ಕಳಿಸಲು ಮೇಲೆ ಹೇಳಿದ ಫ್ರಮ್‌ಅರೇಗೆ ಕೊಟ್ಟರೆ, ಗೊತ್ತಿಲ್ಲದ ವಿಧದ ಅರೇ ಎಂದು ಎಕ್ಸೆಪ್ಶನ್ ಎಸೆಯುತ್ತದೆ. ಬೈಟ್ ಅದರ ಪಟ್ಟಿಯಲ್ಲೇ ಇಲ್ಲ. ರೂಢಿಯ ಉಪಾಯ ಬೇಸ್64 ಸ್ಟ್ರಿಂಗ್, ಅಂದರೆ ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವುದು. ಮೂರು ಬೈಟ್‌ಗೆ ನಾಲ್ಕು ಅಕ್ಷರ, ನಮ್ಮ ಚೀಟಿ 76,800 ಅಕ್ಷರವಾಗುತ್ತದೆ. ಡಬಲ್‌ಗಳ ಅರೇಗಿಂತ ಎಷ್ಟೋ ಹಗುರ.

ಜಾವಾದ ಬೈಟ್‌ಗೆ ಚಿಹ್ನೆ ಇದೆ ಎಂಬುದೂ ನೆನಪಿರಬೇಕು: ಮೈನಸ್ 128ರಿಂದ 127. ಜಾವಾಸ್ಕ್ರಿಪ್ಟ್‌ನ ಯುಇಂಟ್8ಅರೇ 0ಯಿಂದ 255. ಜಾವಾಸ್ಕ್ರಿಪ್ಟ್ ಕಡೆಯ 200 ಜಾವಾದಲ್ಲಿ ಮೈನಸ್ 56. ಜಾವಾಗೆ ಬರುವಾಗ ಬೈಟ್ ಎಂದು ಕಾಸ್ಟ್ ಮಾಡಿದರೆ ಸಾಕು. ಆಚೆ ಹೋಗುವಾಗ 255 ಜೊತೆ ಬಿಟ್‌ವೈಸ್ ಆಂಡ್ ಮಾಡಿಯೇ ತಳ್ಳಬೇಕು. ಪ್ರಿಂಟರ್ ಆದೇಶಗಳು 27, 64 ಅಥವಾ 29, 118, 48 ಹೀಗೆ ಸಣ್ಣ ಸಂಖ್ಯೆಗಳು. ಅವುಗಳಲ್ಲಿ ಈ ದೋಷ ಎಂದೂ ಸಿಗುವುದಿಲ್ಲ. ಚಿತ್ರದ ಬೈಟ್‌ಗಳನ್ನು ಹಾಕಿ ನೋಡಿದಾಗಲೇ ಪರೀಕ್ಷೆ ಮುಗಿಯಿತು ಅನ್ನಬೇಕು.

ನನ್ನ ಆ್ಯಪ್‌ಗಳಲ್ಲಿ ಈಗ ಬೇಸ್64 ಕೂಡ ಇಲ್ಲ. ಚೀಟಿಯ ಸಾಲುಗಳು ಸ್ಟ್ರಿಂಗ್‌ಗಳ ಒಂದು ಚಿಕ್ಕ ಅರೇಯಾಗಿ ಜಾವಾಗೆ ಹೋಗುತ್ತವೆ. ಅಲ್ಲಿ ಆಂಡ್ರಾಯ್ಡ್‌ನ ಸ್ಟಾಟಿಕ್‌ಲೇಔಟ್ (ಪಠ್ಯ ಜೋಡಿಸುವ ಕ್ಲಾಸ್) ಅವನ್ನು ಬಿಟ್‌ಮ್ಯಾಪ್ (ಚುಕ್ಕೆಗಳ ಚಿತ್ರ) ಮೇಲೆ ಬರೆಯುತ್ತದೆ, ಒತ್ತಕ್ಷರಗಳೆಲ್ಲ ಸರಿಯಾಗಿ ಕೂರುತ್ತವೆ, ಚುಕ್ಕೆಗಳನ್ನು ಬೈಟ್‌ಗಳಾಗಿ ಕಟ್ಟಿ ಲೈಬ್ರರಿಗೆ ಕೊಡುವುದೂ ಅಲ್ಲೇ. 57,600 ಬೈಟ್ ಹುಟ್ಟಿದ ಕಡೆಯೇ ಖರ್ಚಾಗುತ್ತದೆ. ಜಾವಾ, ಜಾವಾಸ್ಕ್ರಿಪ್ಟ್ ನಡುವಿನ ಸೇತುವೆ ದಾಟುವುದು ಹೆಸರು, ಊರು, ಚೀಲದ ಲೆಕ್ಕ ಇರುವ ಒಂದಿಷ್ಟು ಸಾಲು ಮಾತ್ರ. ಈ ಒಂದು ಬದಲಾವಣೆಯಿಂದ ಅಗ್ಗದ ಫೋನುಗಳಲ್ಲೂ ಚೀಟಿ ಬೇಗ ಬರತೊಡಗಿತು. ಕಾಟಾದ ಹತ್ತಿರ ಹಮಾಲರು ಮುಂದಿನ ಚೀಲ ಹೊತ್ತು ನಿಂತಿರುತ್ತಾರೆ. ಅವರನ್ನು ಕಾಯಿಸುವ ಆ್ಯಪ್ ಯಾರಿಗೂ ಬೇಡ.

ಕಾಟಾದ ಕಡೆಯೂ ಅದೇ ದಾರಿ. ಬ್ಲೂಟೂತ್‌ನಿಂದ ಓದುವಾಗ ಜಾವಾದಲ್ಲಿ 1024 ಬೈಟ್‌ನ ಒಂದು ಬಫರ್ (ಬಂದದ್ದನ್ನು ತಾತ್ಕಾಲಿಕವಾಗಿ ಇಡುವ ಜಾಗ) ಇಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ತುಂಬುತ್ತೇವೆ. ಓದುವ ರೀಡ್ ಮೆಥಡ್ ಹೇಳಿದಷ್ಟು ಬೈಟ್ ಮಾತ್ರ ಹೊಸದು, ಮಿಕ್ಕದ್ದು ಹಳೇ ಓದಿನ ಉಳಿಕೆ. ಇಡೀ ಬಫರನ್ನು ಅರೇ ಮಾಡಿ ಆಚೆ ಕಳಿಸಿದರೆ ಹಿಂದಿನ ಚೀಲದ ತೂಕವೂ ಜೊತೆಗೆ ಹೋಗುತ್ತದೆ. ಒಂದು ತೂಕದ ಸಾಲು ಎರಡು ಓದಿನಲ್ಲಿ ಮುರಿದು ಬರುವುದೂ ಸಾಮಾನ್ಯ. ಹೀಗಾಗಿ ಸಾಲಿನ ಕೊನೆಯ 13, 10 ಬೈಟ್ ಸಿಗುವವರೆಗೆ ಜಾವಾದಲ್ಲೇ ಕೂಡಿಸಿ, ಅಂಕಿ ಬಿಡಿಸಿ, ತೂಕ ನಿಂತಿದೆ ಎಂದು ಖಾತ್ರಿಯಾದ ಮೇಲೆ ಗ್ರಾಂನ ಒಂದು ಇಂಟ್ ಕಳಿಸುತ್ತೇನೆ. ಒಂದು ಕಂಪನಿಯ ಲೈಬ್ರರಿ ಹಳೇ ಉಳಿಕೆಯ ಸಮೇತ ಬಫರನ್ನೇ ಕೈಗೆ ಕೊಡುತ್ತಿತ್ತು, ಉದ್ದವನ್ನೂ ಹೇಳುತ್ತಿರಲಿಲ್ಲ. ಅಂಥದ್ದನ್ನು ಹೊದಿಕೆಯೊಳಗೇ ಶುಚಿ ಮಾಡಬೇಕು, ಪರದೆಯ ಕೋಡ್‌ವರೆಗೆ ಬಿಡಬಾರದು.

ರಿಯಾಕ್ಟ್ ನೇಟಿವ್‌ನ ಹೊಸ ಆರ್ಕಿಟೆಕ್ಚರ್ (ಒಳರಚನೆ) 2024ರ ಅಕ್ಟೋಬರ್‌ನಲ್ಲಿ ಬಂದ 0.76 ಆವೃತ್ತಿಯಿಂದ ತಾನಾಗಿಯೇ ಚಾಲೂ ಇರುತ್ತದೆ. ಹಳೇ ಸೇತುವೆಯಲ್ಲಿ ಎಲ್ಲವೂ ಸಂದೇಶವಾಗಿ, ಸರದಿಯಲ್ಲಿ, ತಡವಾಗಿ ಹೋಗುತ್ತಿತ್ತು. ಈಗ ಸಿ++ನಲ್ಲಿರುವ ಜೆಎಸ್‌ಐ (ಜಾವಾಸ್ಕ್ರಿಪ್ಟ್ ಇಂಟರ್‌ಫೇಸ್) ಮೂಲಕ ನೇರ ಕರೆ. ಟೈಪ್‌ಸ್ಕ್ರಿಪ್ಟ್‌ನಲ್ಲಿ (ವಿಧಗಳನ್ನು ಬರೆಯಬಲ್ಲ ಜಾವಾಸ್ಕ್ರಿಪ್ಟ್) ಮಾಡ್ಯೂಲಿನ ರೂಪ ಬರೆದರೆ ಕೋಡ್‌ಜೆನ್ ಎಂಬ ಸಾಧನ ಜಾವಾ ಕ್ಲಾಸಿನ ಹಂದರ ಹುಟ್ಟಿಸುತ್ತದೆ. ಮೆಥಡ್‌ನ ಹೆಸರೋ ಆರ್ಗ್ಯುಮೆಂಟೋ ಹೊಂದದಿದ್ದರೆ ಬಿಲ್ಡ್ ಹಂತದಲ್ಲೇ ಗೊತ್ತಾಗುತ್ತದೆ. ಇದು ದೊಡ್ಡ ಲಾಭ. ಆದರೆ ಟೈಪ್‌ಸ್ಕ್ರಿಪ್ಟ್‌ನಲ್ಲಿ ‘ಸಂಖ್ಯೆಗಳ ಅರೇ’ ಎಂದು ಬರೆದದ್ದೂ ಜಾವಾ ಕಡೆ ಬರಿಯ ರೀಡಬಲ್‌ಅರೇಯಾಗಿಯೇ ಬರುತ್ತದೆ, ಒಳಗೆ ಏನಿದೆ ಎಂಬ ಮಾಹಿತಿ ದಾರಿಯಲ್ಲೇ ಕಳೆದುಹೋಗುತ್ತದೆ. ಬೈಟ್‌ಗಳನ್ನು ನಕಲಿಲ್ಲದೆ ಹಂಚಿಕೊಳ್ಳಬೇಕೆಂದರೆ ಸಿ++ ಬರೆದು ಅರೇಬಫರ್ (ಜಾವಾಸ್ಕ್ರಿಪ್ಟ್‌ನ ಕಚ್ಚಾ ಬೈಟ್‌ಗಳ ಸಂಗ್ರಹ) ಕೊಡುವ ದಾರಿ ಇದೆ. ಇಬ್ಬರು ಮೂವರಿರುವ ನಮ್ಮಂಥ ತಂಡಕ್ಕೆ ಅದರ ನಿರ್ವಹಣೆ ಭಾರ.

ಇಲ್ಲಿ ನನಗೆ ನಾಶೋರ್ನ್ ನೆನಪಾಗುತ್ತದೆ. 2014ರಲ್ಲಿ ಜಾವಾ 8ರ ಜೊತೆ ಬಂದ ಆ ಜಾವಾಸ್ಕ್ರಿಪ್ಟ್ ಎಂಜಿನ್‌ನಲ್ಲಿ ‘ಜಾವಾ.ಟು’ ಎಂದು ಕರೆದು, ಇಂಟ್ ಅರೇ ಬೇಕು ಎಂದು ವಿಧವನ್ನೇ ಹೇಳಿದರೆ ನಿಜವಾದ ಜಾವಾ ಅರೇ ಕೈಗೆ ಬರುತ್ತಿತ್ತು, ‘ಜಾವಾ.ಫ್ರಮ್’ ವಾಪಸ್ಸು ಜಾವಾಸ್ಕ್ರಿಪ್ಟ್ ಅರೇ ಕೊಡುತ್ತಿತ್ತು. ಅಷ್ಟು ಸ್ಪಷ್ಟವಾದ ವ್ಯವಸ್ಥೆಯನ್ನು 2020ರಲ್ಲಿ ಜಾವಾ 15ರಿಂದ ತೆಗೆದರು. ಅದು ಆಂಡ್ರಾಯ್ಡ್‌ನದ್ದಲ್ಲ, ಹೋಲಿಕೆಗೆ ಪೂರ್ತಿ ಹೊಂದುವುದಿಲ್ಲ. ಆದರೂ ಅಂಶದ ವಿಧವನ್ನು ಕರೆಯಲ್ಲೇ ಹೇಳುವ ಆ ಸೌಲಭ್ಯ ರಿಯಾಕ್ಟ್ ನೇಟಿವ್‌ನ ಕೋಡ್‌ಜೆನ್‌ಗೆ ಬರಲಿ ಎಂಬುದು ನನ್ನ ಮನಸಾರೆ ಆಸೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಣ್ಣ ಪಟ್ಟಿಗಳು, ಮ್ಯಾಪ್‌ಗಳ ಅರೇ, ಸ್ಟ್ರಿಂಗ್ ಸಾಲುಗಳಿಗೆ ಪೂರ್ತಿ ಅಂಕ. ಕಳೆದ ಒಂದು ಅಂಕ ಬೈಟ್ ಅರೇಯನ್ನು ಕೈಬಿಟ್ಟಿದ್ದಕ್ಕೆ. ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಬಾರ್‌ಕೋಡ್ ಚೀಟಿ ಮಾಡುವವರು, ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಿ ತೂಕಕ್ಕೆ ಆ್ಯಪ್ ಮಾಡುವವರು ಧೈರ್ಯವಾಗಿ ಆರಿಸಿಕೊಳ್ಳಬಹುದು. ಕ್ಯಾಮೆರಾದ ಚಿತ್ರಗಳನ್ನು ಒಂದರ ಹಿಂದೊಂದು ಜಾವಾಸ್ಕ್ರಿಪ್ಟ್‌ನಲ್ಲಿ ಪರಿಶೀಲಿಸುವ ಕೆಲಸವಿದ್ದರೆ ಮೊದಲೇ ಸಿ++ ಬಲ್ಲವರನ್ನು ಜೊತೆಗಿಟ್ಟುಕೊಳ್ಳಿ.

ಆವೃತ್ತಿ ಏರಿಸುವುದಿದ್ದರೆ ಮುಂಗಾರಿನ ನಾಟಿ ನಡೆಯುವ ಹೊತ್ತಿನಲ್ಲಿ ಏರಿಸಿ, ನವೆಂಬರ್ ಕೊಯ್ಲಿಗೆ ಮುಂಚೆ ಅಂಗಡಿಯ ಅದೇ ಕಾಟಾ, ಅದೇ ಪ್ರಿಂಟರ್, ಅದೇ ಹಳೇ ಫೋನಿನ ಮೇಲೆ ಪರೀಕ್ಷಿಸಿ. ಪರೀಕ್ಷೆಯ ಅರೇಯಲ್ಲಿ 75.35 ಇರಲಿ, 200 ಎಂಬ ಬೈಟ್ ಇರಲಿ, ಒಂದು ಖಾಲಿ ಅಂಶವೂ ಇರಲಿ.